ಶಾಲೆ ಬಿಡಲು ಕಾರಣ

ಸ್ಮರಣ ಸಂಚಿಕೆಗೆ ನಮ್ಮ ಶಾಲೆಯ ಇತಿಹಾಸ ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗುರುಗಳು ಫೋನಿನಲ್ಲಿ ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಕಟ್ಟಡ ಬೆಳೆದ ಬಗೆ, ಸೇವೆ ಸಲ್ಲಿಸಿದ ಮುಖ್ಯೋಪಾಧ್ಯಾಯರ ಪಟ್ಟಿ, ದಾನಿಗಳ ವಿವರ ಇವೆಲ್ಲ ಸಂಚಿಕೆಯ ಬೇರೆ ಪುಟಗಳಲ್ಲಿ ಬರುತ್ತವೆ. ನಾನು ಬರೆಯಹೊರಟಿರುವುದು ಇನ್ನೊಂದು ಇತಿಹಾಸ. ಈ ಐವತ್ತು ವರ್ಷಗಳಲ್ಲಿ ನಮ್ಮೂರಿನ ತಂದೆತಾಯಿಗಳು ಈ ಕಾಂಪೌಂಡಿನೊಳಗಿನ ಶಾಲೆಯನ್ನು ಯಾವ ಅಳತೆಗೋಲಿನಿಂದ ಅಳೆದರು ಎಂಬುದು.

ಇದಕ್ಕೆ ಒಂದು ಮನೆಯ ಕಾರಣವೂ ಇದೆ. ಕಳೆದ ಬೇಸಿಗೆಯಲ್ಲಿ ಅಕ್ಕ ಕೇಳಿದಳು: “ನೋಡಪ್ಪಾ, ನೀನೂ ಅಲ್ಲೇ ಓದಿದೋನು. ಐದ್ನೇ ಕ್ಲಾಸ್ ಮುಗೀತು ಇವನ್ದು. ಇಲ್ಲೇ ಬಿಡಾನಾ, ಇಲ್ಲ ತಿಪಟೂರಿಗೆ ಹಾಕಾನಾ? ನೀನೇ ಹೇಳು.” ವೇದಿಕೆ ಸಿಕ್ಕಾಗಲೆಲ್ಲ “ನಾನು ಸರ್ಕಾರಿ ಶಾಲೆಯಲ್ಲಿ ಓದಿದವನು” ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನನಗೆ ಥಟ್ಟನೆ ಉತ್ತರ ಬರಲಿಲ್ಲ. ನನ್ನ ಮಗಳು ಬೆಂಗಳೂರಿನಲ್ಲಿ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತಾಳೆ. ಅದನ್ನು ಮುಚ್ಚಿಟ್ಟುಕೊಂಡು ಅಕ್ಕನಿಗೆ ಬುದ್ಧಿ ಹೇಳುವುದು ಹೇಗೆ?

ಒಂದೇ ಸಾಲಿನ ಕಾರಣ

ಮುಖ್ಯ ಗುರುಗಳ ಅನುಮತಿ ಪಡೆದು ಎರಡು ಶನಿವಾರ ಹಳೆಯ ವಹಿಗಳನ್ನು ತಿರುವಿ ನೋಡಿದೆ. ಪ್ರೌಢಶಾಲೆಗಿಂತ ಹಿರಿಯದು ಅದೇ ಕಾಂಪೌಂಡಿನಲ್ಲಿರುವ ಹಿರಿಯ ಪ್ರಾಥಮಿಕ ಶಾಲೆ. ಅದರ ಐದರಿಂದ ಏಳನೇ ತರಗತಿಯವರೆಗಿನ ಭಾಗವನ್ನು ಊರಿನವರು ಇಂದಿಗೂ ‘ಮಿಡ್ಲ್ ಸ್ಕೂಲು’ ಎಂದೇ ಕರೆಯುತ್ತಾರೆ. 1974ರಲ್ಲಿ ಎಂಟನೇ ತರಗತಿ ಶುರುವಾದದ್ದು ಆ ಮಿಡ್ಲ್ ಸ್ಕೂಲಿನ ಕೊಠಡಿಗಳಲ್ಲಿಯೇ. ಇಂದಿಗೂ ನಮ್ಮ ಪ್ರೌಢಶಾಲೆಗೆ ಮಕ್ಕಳು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಅಲ್ಲಿ ಆರನೇ ತರಗತಿ ಬರಿದಾದರೆ ಎರಡು ವರ್ಷ ಕಳೆದು ಇಲ್ಲಿ ಎಂಟನೇ ತರಗತಿ ಬರಿದಾಗುತ್ತದೆ. ಹಾಗಾಗಿ ಮಿಡ್ಲ್ ಸ್ಕೂಲಿಗೆ ಬಂದ ಹೆಸರೇ ಹೈಸ್ಕೂಲಿಗೂ ಬರುತ್ತದೆ.

ವರ್ಗಾವಣೆ ಪತ್ರದ ಪುಸ್ತಕದಲ್ಲಿ ‘ಶಾಲೆ ಬಿಡಲು ಕಾರಣ’ ಎಂಬ ಕಲಂ ಇದೆ. ಮಗು ಶಾಲೆ ಬಿಟ್ಟಾಗಲೆಲ್ಲ ಅಲ್ಲಿ ಏನಾದರೂ ಬರೆಯಲೇಬೇಕು. ನಾನು ನೋಡಿದ ಪುಟಗಳಲ್ಲೆಲ್ಲ ಅಕ್ಷರ ಬೇರೆ, ಶಾಯಿ ಬೇರೆ, ಕಾರಣ ಮಾತ್ರ ಒಂದೇ: ‘ತಂದೆಯವರ ಕೋರಿಕೆಯ ಮೇರೆಗೆ’. ಇತ್ತೀಚಿನ ಪುಟಗಳಲ್ಲಿ ‘ಪೋಷಕರ ಇಚ್ಛೆಯ ಮೇರೆಗೆ’. ಆ ಕೋರಿಕೆಯ ಹಿಂದೆ ಏನಿತ್ತು ಎಂಬುದನ್ನು ಯಾವ ವಹಿಯೂ ಹೇಳುವುದಿಲ್ಲ. ಅದನ್ನು ತಿಳಿಯಲು ಹಿರಿಯರನ್ನು, ನಿವೃತ್ತ ಮೇಷ್ಟ್ರುಗಳನ್ನು, ಮಕ್ಕಳನ್ನು ಬೇರೆಡೆಗೆ ಕಳಿಸಿದವರನ್ನು ಮಾತನಾಡಿಸಿದೆ. ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. ಮಗುವನ್ನು ಎಲ್ಲಿ ಓದಿಸಿದಿರಿ, ಯಾಕೆ ಎಂದು ಕೇಳುವುದು ಮನೆಯ ಸಾಲದ ಲೆಕ್ಕ ಕೇಳಿದಂತೆಯೇ.

ಮೇಷ್ಟ್ರು ಊರಲ್ಲಿದ್ದಾರಾ?

ಪ್ರೌಢಶಾಲೆ ಬರುವ ಮೊದಲು ಏಳನೇ ತರಗತಿ ಎಂದರೆ ಹೆಚ್ಚಿನವರಿಗೆ ಓದು ಮುಗಿದಂತೆ. ಹುಡುಗರಲ್ಲಿ ಕೆಲವರು ಹೊರಗೆ ಹೋಗಿ ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಇದ್ದು ಓದಿದರು. ಹೆಣ್ಣುಮಕ್ಕಳು ಮನೆಯಲ್ಲಿ ಉಳಿದರು. ನನ್ನ ಸೋದರತ್ತೆ ಅವರಲ್ಲೊಬ್ಬರು. ಏಳನೇ ತರಗತಿಯಲ್ಲಿ ಊರಿಗೇ ಮೊದಲಿಗರಾಗಿ ಪಾಸಾದ ಅವರನ್ನು ಮುಂದೆ ಓದಿಸಲಿಲ್ಲ. ಹೈಸ್ಕೂಲು ಬಂದಾಗ ಅವರ ಮದುವೆಯಾಗಿ ಹೋಗಿತ್ತು.

ಆ ಕಾಲದ ಪೋಷಕರು ಶಾಲೆಯನ್ನು ಅಳೆದದ್ದು ಒಂದೇ ಪ್ರಶ್ನೆಯಿಂದ, ‘ಮೇಷ್ಟ್ರು ಊರಲ್ಲೇ ಇದ್ದಾರಾ?’ ಬಾಡಿಗೆ ಮನೆ ಮಾಡಿಕೊಂಡು ಊರಿನಲ್ಲೇ ಇರುವ ಮೇಷ್ಟ್ರು ಸಂಜೆ ಲಾಟೀನು ಹಿಡಿದು ಬೀದಿಯಲ್ಲಿ ಬಂದು, ಮಕ್ಕಳು ಓದುತ್ತಿದ್ದಾರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರಂತೆ. ಬಸ್ಸು ಹೆಚ್ಚಾಗಿ, ಪೇಟೆಯಿಂದ ದಿನವೂ ಓಡಾಡುವ ಮೇಷ್ಟ್ರುಗಳು ಬಂದಾಗ, ಊರಿನ ಕಣ್ಣಿಗೆ ಕಂಡದ್ದು ಸಂಜೆಯ ಬಸ್ಸಿಗೆ ನಿಂತ ಮೇಷ್ಟ್ರು ಮಾತ್ರ. ಪಾಠ ಕೆಟ್ಟಿತ್ತೋ ಇಲ್ಲವೋ, ‘ಈಗಿನ ಮೇಷ್ಟ್ರುಗಳು ಸರಿಯಿಲ್ಲ’ ಎಂಬ ಮಾತು ಹುಟ್ಟಿತು. ಮೇಷ್ಟ್ರ ಮಕ್ಕಳೇ ಪೇಟೆಯ ಶಾಲೆಯಲ್ಲಿ ಓದುತ್ತಾರೆ ಎಂಬುದು ತಿಳಿದ ಮೇಲಂತೂ ಆ ಮಾತಿಗೆ ಇನ್ನಷ್ಟು ಬಲ ಬಂತು.

ರಿಸಲ್ಟು ಎಷ್ಟು?

ಎರಡನೆಯ ಅಳತೆಗೋಲು ಫಲಿತಾಂಶ. ನಾವು ಓದುವಾಗ ಏಳನೇ ತರಗತಿಗೂ ಪಬ್ಲಿಕ್ ಪರೀಕ್ಷೆ ಇತ್ತು. ಅದಾದ ಮೇಲೆ ಎಸ್‌ಎಸ್‌ಎಲ್‌ಸಿ. ನಾನು 2004ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದೆ. ಫಲಿತಾಂಶದ ದಿನ ಶಾಲೆಯ ಗೋಡೆಗೆ ಹಚ್ಚಿದ ಪಟ್ಟಿಯ ಮುಂದೆ ಊರಿಗೆ ಊರೇ ಸೇರಿತ್ತು.

ಶೇಕಡಾವಾರು ಎಂಬುದು ಸಣ್ಣ ಶಾಲೆಗೆ ಎಂಥ ಅನ್ಯಾಯ ಮಾಡುತ್ತದೆ ಎಂಬುದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿ ಅಂಕಿಅಂಶಗಳ ನಡುವೆ ಕುಳಿತ ಮೇಲೆ. ಹತ್ತನೇ ತರಗತಿಯಲ್ಲಿ ಇಪ್ಪತ್ತೈದು ಮಕ್ಕಳಿದ್ದರೆ ಒಬ್ಬ ಫೇಲಾದರೆ ಶೇ 4 ಇಳಿಯುತ್ತದೆ. ಒಂದು ವರ್ಷ ನಾಲ್ವರು ಮಕ್ಕಳು ಕಾಯಿಲೆಯಿಂದಲೋ ಮನೆಯ ಕಷ್ಟದಿಂದಲೋ ಹಿಂದುಳಿದರೆ ಶಾಲೆ ಶೇ 16ರಷ್ಟು ಕೆಟ್ಟಂತೆ ಕಾಣುತ್ತದೆ. ಮುನ್ನೂರು ಮಕ್ಕಳ ಶಾಲೆಯಲ್ಲಿ ಅದೇ ನಾಲ್ವರು ಲೆಕ್ಕಕ್ಕೇ ಸಿಗುವುದಿಲ್ಲ. ಇನ್ನು ಪ್ರವೇಶ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಶಾಲೆಗೂ, ಬಂದ ಮಗುವನ್ನೆಲ್ಲ ಸೇರಿಸಿಕೊಳ್ಳಬೇಕಾದ ಶಾಲೆಗೂ ಒಂದೇ ತಕ್ಕಡಿ ಹೇಗೆ ಸರಿಹೋದೀತು?

ಇಡೀ ರಾಜ್ಯದ ಅಂಕಿಯೇ ಎಷ್ಟು ಬೇಗ ಬದಲಾಗುತ್ತದೆ ನೋಡಿ. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾಗಲಿಲ್ಲ. ಅಳೆಯುವ ಬಗೆ ಬಿಗಿಯಾಯಿತು, ಅಷ್ಟೆ.

ಇಂಗ್ಲಿಷ್ ಬರುತ್ತಾ?

ಮೂರನೆಯ ಅಳತೆಗೋಲು ಬಂದು ಉಳಿದವನ್ನೆಲ್ಲ ಬದಿಗೊತ್ತಿತು. ನಮ್ಮ ತಂಡಕ್ಕೆ ಎ, ಬಿ, ಸಿ, ಡಿ ಹೇಳಿಕೊಟ್ಟದ್ದು ಐದನೇ ತರಗತಿಯಲ್ಲಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿದ್ದು 2007–08ರಲ್ಲಿ. ಬಿ.ಇ. ಮೊದಲ ವರ್ಷ ತರಗತಿಯಲ್ಲಿ ಎದ್ದು ನಿಂತು ಒಂದು ಸಂದೇಹ ಕೇಳಲು ನನಗೆ ಮೂರು ತಿಂಗಳು ಬೇಕಾಯಿತು. ಗಣಿತ ಗೊತ್ತಿತ್ತು, ಅದನ್ನು ಕೇಳುವ ಮಾತು ಗೊತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷಿಗಾಗಿ ಮಗುವನ್ನು ಪೇಟೆಗೆ ಕಳಿಸಿದ ತಂದೆತಾಯಿಯನ್ನು ನಾನು ಹಳಿಯಲಾರೆ.

ಸರ್ಕಾರದ ನಡೆಗಳನ್ನೂ ಊರು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿತು. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂತು. 2007–08ರಲ್ಲಿ ಪ್ರೌಢಶಾಲೆಗೂ ವಿಸ್ತರಿಸಿತು. ಕೂಲಿಗೆ ಹೋಗುವ ತಾಯಂದಿರಿಗೆ ಅದು ದೊಡ್ಡ ನೆಮ್ಮದಿ. ಆದರೆ ತೋಟವಿದ್ದ ಮನೆಗಳಲ್ಲಿ ‘ಅನ್ನದ ಸ್ಕೂಲು’ ಎಂಬ ಹಗುರ ಮಾತು ಹುಟ್ಟಿತು. 2006–07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಬಂದಾಗ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಸಾಲಾಗಿ ಬರತೊಡಗಿದರು. ಇದು ನಮ್ಮ ಪ್ರೌಢಶಾಲೆ ಕಂಡ ಒಳ್ಳೆಯ ದಿನಗಳಲ್ಲೊಂದು.

ಆಮೇಲೆ ಶಿಕ್ಷಣ ಹಕ್ಕು ಕಾಯ್ದೆಯಡಿ 2012–13ರಿಂದ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟುಗಳಿಗೆ ಸರ್ಕಾರವೇ ಶುಲ್ಕ ಕಟ್ಟತೊಡಗಿತು. ಬಡ ಮಕ್ಕಳಿಗೆ ಬಾಗಿಲು ತೆರೆಯಬೇಕೆಂಬುದು ಕಾಯ್ದೆಯ ಉದ್ದೇಶ. ಊರಿನ ಕಟ್ಟೆಯ ಮೇಲೆ ಅದಕ್ಕೆ ಹುಟ್ಟಿದ ಅರ್ಥ ಬೇರೆ: “ಸರ್ಕಾರವೇ ದುಡ್ಡು ಕೊಟ್ಟು ಅಲ್ಲಿಗೆ ಕಳಿಸ್ತದೆ ಅಂದ್ರೆ ಅದೇ ಒಳ್ಳೇದು ಅಂತ ತಾನೇ?” 2014ರ ಮೇ 6ರಂದು, ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಹಳದಿ ವ್ಯಾನು ನಮ್ಮೂರಿನ ಬೀದಿಗೂ ಬಂತು. 2012ರಲ್ಲಿ ಒಂದನೇ ತರಗತಿಗೆ ಆ ವ್ಯಾನು ಹತ್ತಿದ ಮಗು ನಮ್ಮ ಆರನೇ ತರಗತಿಯಲ್ಲಿ ಇಲ್ಲವಾದದ್ದು 2017ರಲ್ಲಿ, ಎಂಟನೇ ತರಗತಿಯಲ್ಲಿ ಇಲ್ಲವಾದದ್ದು 2019ರಲ್ಲಿ. ಆ ವರ್ಷ ಪಾಠ ಮಾಡುತ್ತಿದ್ದ ಮೇಷ್ಟ್ರುಗಳು ‘ನಿಮ್ಮ ಕಾಲದಲ್ಲೇ ಶಾಲೆ ಬಿದ್ದುಹೋಯ್ತು’ ಎಂಬ ಮಾತು ಕೇಳಬೇಕಾಯಿತು. ಕಾರಣ ಏಳು ವರ್ಷ ಹಿಂದಿನದು. 2019ರಲ್ಲಿ ರಾಜ್ಯ ಆ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಆ ಸೀಟುಗಳನ್ನು ಕೈಬಿಟ್ಟಿತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲು ಹೊರಟಿತು. ಅಷ್ಟರಲ್ಲಿ ವ್ಯಾನಿಗಾಗಿ ಕಾಯುವುದು ಊರಿನ ಬೆಳಗಿನ ರೂಢಿಯೇ ಆಗಿತ್ತು.

ಊರು ಪಾಠ ನೋಡಿದ ದಿನಗಳು

ಮೇಷ್ಟ್ರ ವಾಸ, ರಿಸಲ್ಟು, ವ್ಯಾನು, ಬೂಟು, ಟೈ ಇವೆಲ್ಲ ಕಾಂಪೌಂಡಿನ ಹೊರಗೆ ನಿಂತು ನೋಡಬಹುದಾದವು. ತರಗತಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಿ ಅಳೆದವರನ್ನು ನಾನು ಹುಡುಕಿದೆ. ಸಿಕ್ಕವರು ಬಹಳ ಕಡಿಮೆ. ಅಟ್ಟದ ಮೇಲಿನ ಕಾಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಸದ್ದು ಮಾಡಿದ ಮೇಲೆಯೇ ಸುಲಿಯುವ ಜನ ನಾವು. ಶಾಲೆಯ ವಿಷಯದಲ್ಲಿ ಮಾತ್ರ ಸಿಪ್ಪೆ ನೋಡಿಯೇ ಬೆಲೆ ಕಟ್ಟಿದೆವು.

ಇದಕ್ಕೆ ಅಪವಾದವಾದ ಕೆಲವು ವಾರಗಳಿವೆ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಆಗಸ್ಟಿನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಮೇಷ್ಟ್ರುಗಳು, ಮೇಡಂಗಳು ಶಾಲೆ ಬಿಟ್ಟು ಊರಿನೊಳಕ್ಕೆ ಬಂದರು. ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸುವವರೆಗೆ ದೇವಸ್ಥಾನದ ಪಡಸಾಲೆಯಲ್ಲಿ, ಅರಳಿಕಟ್ಟೆಯಲ್ಲಿ ಪಾಠ ನಡೆಯಿತು. ನಾನೂ ಆಗ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದಿದ್ದೆ. ಒಂದು ಬೆಳಿಗ್ಗೆ ಮಿಡ್ಲ್ ಸ್ಕೂಲಿನ ಮೇಡಂ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಒಂದು ತೆಂಗಿನಕಾಯಿಯನ್ನು ಎರಡು ಹೋಳು ಮಾಡಿ, ಒಂದು ಹೋಳನ್ನು ಮತ್ತೆ ಎರಡು ಮಾಡಿ, “ಈಗ ಇದು ಕಾಯಿಯಲ್ಲಿ ಎಷ್ಟನೇ ಒಂದು?” ಎಂದರು. ಅರ್ಧದ ಅರ್ಧ ಕಾಲು ಎಂದು ಮಕ್ಕಳು ಹೇಳುವ ಮೊದಲೇ ಹಿಂದೆ ಕಂಬಕ್ಕೊರಗಿ ನಿಂತಿದ್ದ ಒಬ್ಬ ತಂದೆ “ಕಾಲು!” ಎಂದುಬಿಟ್ಟ. ಎಲ್ಲರೂ ನಕ್ಕರು. ಅವನ ಮಗ ಪೇಟೆಯ ಶಾಲೆಯವನು, ಆನ್‌ಲೈನ್ ಪಾಠಕ್ಕೆ ಸಿಗ್ನಲ್ ಸಿಗದೆ ಮನೆಯಲ್ಲಿದ್ದ. ಮರುದಿನದಿಂದ ಆ ಹುಡುಗನೂ ಕಟ್ಟೆಗೆ ಬಂದ. ಮರುವರ್ಷ ನಮ್ಮ ಮಿಡ್ಲ್ ಸ್ಕೂಲಿಗೇ ಸೇರಿದ.

ಶುಲ್ಕ ಕಟ್ಟಲಾಗದೆ ಆ ವರ್ಷ ವಾಪಸು ಬಂದವರೂ ಇದ್ದರು. ಅವರಲ್ಲಿ ಕೆಲವರು ಪರಿಸ್ಥಿತಿ ಸುಧಾರಿಸಿದ ಮೇಲೆ ಮತ್ತೆ ಹೋದರು. ಪಾಠ ಕಣ್ಣಾರೆ ನೋಡಿ ಬಂದವರನ್ನು ನಾನು ವಿಚಾರಿಸಿದೆ. ನನಗೆ ಸಿಕ್ಕವರೆಲ್ಲ ಉಳಿದುಕೊಂಡವರೇ.

ಅಕ್ಕನಿಗೆ ಹೇಳಿದ್ದು

ಶಾಲೆಯಲ್ಲಿ ಕೊರತೆ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಗಣಿತದ ಹುದ್ದೆ ಖಾಲಿಯಿದ್ದು ಅತಿಥಿ ಶಿಕ್ಷಕರೇ ನಡೆಸಿದ ವರ್ಷಗಳಿವೆ. ಪ್ರಯೋಗಾಲಯದ ಬೀರುವಿನ ಬೀಗ ತೆಗೆಯದ ವರ್ಷಗಳೂ ಇವೆ. ಇವು ನಿಜವಾದ ಕಾರಣಗಳು, ಕೇಳಿ ಸರಿಪಡಿಸಬಹುದಾದವು. 2001ರ ಸರ್ಕಾರಿ ಆದೇಶದಿಂದ ಬಂದ ಎಸ್‌ಡಿಎಂಸಿ ಇರುವುದು ಪೋಷಕರು ಇಂಥದ್ದನ್ನು ಕೇಳಲೆಂದೇ. ಆದರೆ ಗಟ್ಟಿಯಾಗಿ ಕೇಳಬಲ್ಲ ಪೋಷಕರೇ ಮೊದಲು ಟಿಸಿ ಪಡೆದು ಹೋದರು. ಮೊದಲು ಹೋದ ಮನೆಗಳಲ್ಲಿ ನಮ್ಮ ಮನೆಯೂ ಒಂದು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ಅಕ್ಕನಿಗೆ ಇಲ್ಲೇ ಬಿಡು ಎಂದೂ ಹೇಳಲಿಲ್ಲ, ಅಲ್ಲಿಗೆ ಹಾಕು ಎಂದೂ ಹೇಳಲಿಲ್ಲ. ಎರಡೂ ಶಾಲೆಗೆ ಹೋಗಿ ನೋಡು ಎಂದೆ. ಆರನೇ ತರಗತಿಯ ಗಣಿತದ ನೋಟ್‌ಬುಕ್ ತೆಗೆಸಿ ನೋಡು, ಮೇಷ್ಟ್ರು ತಿದ್ದಿದ್ದಾರಾ ಎಂದು. ತಿದ್ದಿದ್ದನ್ನು ಮಗು ಮತ್ತೆ ಸರಿಯಾಗಿ ಬರೆದಿದೆಯಾ ನೋಡು. ಒಂದು ಕನ್ನಡ ಪುಟ, ಒಂದು ಇಂಗ್ಲಿಷ್ ಪುಟ ಮಕ್ಕಳಿಂದ ಓದಿಸಿ, ಅರ್ಥವೇನೆಂದು ಕೇಳು. ಯಾವ ಹುದ್ದೆ ಖಾಲಿಯಿದೆ ಎಂದು ಕೇಳು. ಬೀಗದ ಕೈ ಯಾರ ಹತ್ತಿರ ಇದೆ ಎಂದೂ ಕೇಳು.

ಅಕ್ಕ ಎರಡೂ ಕಡೆ ಹೋದಳು. ಪೇಟೆಯ ಶಾಲೆಯಲ್ಲಿ ತರಗತಿಯೊಳಗೆ ಬಿಡಲಿಲ್ಲ, ಆಫೀಸಿನಲ್ಲಿ ಕೂರಿಸಿ ಶುಲ್ಕದ ಚೀಟಿ ಕೊಟ್ಟರು. ನಮ್ಮಲ್ಲಿ ಮುಖ್ಯ ಗುರುಗಳು ಹಿಂದಿನ ಬೆಂಚಿನಲ್ಲಿ ಜಾಗ ತೋರಿಸಿದರು. ಮಕ್ಕಳು ಕನ್ನಡ ಚೆನ್ನಾಗಿ ಓದಿದರು, ಇಂಗ್ಲಿಷಿನಲ್ಲಿ ತಡವರಿಸಿದರು. ನೋಟ್‌ಬುಕ್ಕುಗಳನ್ನು ತಿದ್ದಿದ್ದರು. ಪ್ರಯೋಗಾಲಯದ ಬೀಗದ ಕೈ ಹುಡುಕಲು ಅರ್ಧ ಗಂಟೆಯಾಯಿತು. ಆ ಅರ್ಧ ಗಂಟೆಯ ವಿಷಯವನ್ನು ಅಕ್ಕ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿದಳಂತೆ. ಈಗ ಶುಕ್ರವಾರ ಬೀರು ತೆಗೆಯುತ್ತಾರೆ. ನಾನೂ ನನ್ನ ತಂಡದ ಇಬ್ಬರೂ ತಿಂಗಳಲ್ಲಿ ಎರಡು ಶನಿವಾರ ಮಕ್ಕಳೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡಲು ಒಪ್ಪಿಕೊಂಡಿದ್ದೇವೆ. ಇದುವರೆಗೆ ಐದು ಶನಿವಾರ ಬಂದಿದ್ದೇವೆ, ಒಂದು ತಪ್ಪಿಸಿದ್ದೇವೆ.

ಅಳಿಯ ಈಗ ನಮ್ಮ ಮಿಡ್ಲ್ ಸ್ಕೂಲಿನ ಆರನೇ ತರಗತಿಯಲ್ಲಿದ್ದಾನೆ. ಹೈಸ್ಕೂಲಿಗೂ ಇಲ್ಲೇ ಸೇರಿಸುತ್ತೀಯಾ ಎಂದು ಅಕ್ಕನನ್ನು ಕೇಳಿದೆ. “ಏಳ್ನೇ ಕ್ಲಾಸ್ ಮುಗೀಲಿ, ಆಮೇಲೆ ನೋಡಾನ” ಎಂದಳು. ನಮ್ಮ ಅತ್ತೆಯ ವಿಷಯದಲ್ಲಿ ತಾತ ಅಂದು ಹೇಳಿದ್ದೂ ಇದೇ ಮಾತಂತೆ. ಆಗ ನೋಡಲು ಊರಿನಲ್ಲಿ ಹೈಸ್ಕೂಲೇ ಇರಲಿಲ್ಲ. ಈಗ ಇದೆ, ಅದಕ್ಕೆ ಐವತ್ತು ವರ್ಷ ತುಂಬಿದೆ. ಜೂನಿನಲ್ಲಿ ಮಗುವಿನ ಕೈಹಿಡಿದು ಟಿಸಿ ಕೇಳಲು ಬರುವ ಪೋಷಕರು, ಅದಕ್ಕೂ ಮೊದಲು ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಆಮೇಲೂ ಟಿಸಿ ಬೇಕೆನಿಸಿದರೆ, ಆ ಕಲಂನಲ್ಲಿ ನಿಜವಾದ ಕಾರಣವನ್ನೇ ಬರೆಸಿ. ಮುಂದೆ ಈ ಶಾಲೆಯ ಇತಿಹಾಸ ಬರೆಯುವವರಿಗೆ ಅನುಕೂಲವಾಗುತ್ತದೆ, ಶಾಲೆಗೆ ಇನ್ನೂ ಬೇಗ ಅನುಕೂಲವಾಗುತ್ತದೆ.



— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು
(2004ನೇ ಸಾಲಿನ ಎಸ್‌ಎಸ್‌ಎಲ್‌ಸಿ ತಂಡ)