ಕಾಕನಕೋಟೆಯ ಆನೆಗಳೂ ಪನೋರಮಾ ಛಾಯಾಚಿತ್ರವೂ

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟವನ್ನೇರಿ, ಸಿಡಿಲು ಮಲ್ಲಿಕಾರ್ಜುನನ ಗುಡಿಯ ಬಳಿ ನಿಂತವನೊಬ್ಬನು ಕಣ್ಣಿಗೆ ನಿಲುಕುವ ಸೀಮೆಯನ್ನೆಲ್ಲ ಒಂದೇ ಪಟದಲ್ಲಿ ಹಿಡಿಯಬಯಸಿದನಾದರೆ, ಸಾಧಾರಣ ಕ್ಯಾಮೆರಾ ಅದರ ಒಂದಂಶವನ್ನಷ್ಟೇ ಕೊಟ್ಟೀತು. ಉಳಿದುದಕ್ಕಾಗಿ ಆತನು ಮಸೂರವನ್ನು ತಿರುಗಿಸಬೇಕು, ಇಲ್ಲವೆ ಹಲವು ಪಟಗಳನ್ನು ತೆಗೆದು ಅಂಚಿಗೆ ಅಂಚನ್ನು ಕೂಡಿಸಬೇಕು. ಯಾವ ಮಾರ್ಗದಲ್ಲಿಯೇ ಆಗಲಿ, ಪಟದ ಎಡತುದಿ ಮೂಡಿದ ಕ್ಷಣ ಬೇರೆ, ಬಲತುದಿ ಮೂಡಿದ ಕ್ಷಣ ಬೇರೆ. ಪನೋರಮಾದ ಚರಿತ್ರೆಯನ್ನು ಬರೆದವರು ಅದರ ಅಗಲವನ್ನು ಕೊಂಡಾಡಿದಷ್ಟು ಈ ಕಾಲಭೇದವನ್ನು ಗಮನಿಸಿಲ್ಲವೆಂದು ನನ್ನ ಎಣಿಕೆ.

ಮೈಸೂರು ಸೀಮೆಯು ಪನೋರಮಾದೊಳಗೆ ಪ್ರವೇಶಿಸಿದುದು ಛಾಯಾಚಿತ್ರಣದ ಜನನಕ್ಕೂ ಮೊದಲೇ, ವರ್ಣಚಿತ್ರದ ಮೂಲಕ. 1799ರ ಶ್ರೀರಂಗಪಟ್ಟಣದ ಪತನವನ್ನು ರಾಬರ್ಟ್ ಕೆರ್ ಪೋರ್ಟರನು ಸುಮಾರು 120 ಅಡಿಗಳ ಪಟದಲ್ಲಿ ಚಿತ್ರಿಸಿ ಮರುವರ್ಷವೇ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಆತನು ಕಾವೇರಿಯನ್ನು ಕಂಡವನೇ ಅಲ್ಲ!

1840ರ ದಶಕದಲ್ಲಿ ಪ್ಯಾರಿಸ್ಸಿನ ಫ್ರೆಡ್ರಿಕ್ ಫಾನ್ ಮಾರ್ಟೆನ್ಸನು ತಿರುಗುವ ಮಸೂರದ ಕ್ಯಾಮೆರಾವನ್ನು ರಚಿಸಿ, ಬಾಗಿದ ಫಲಕದ ಮೇಲೆ ಸುಮಾರು 150 ಡಿಗ್ರಿಗಳ ನೋಟವನ್ನು ಮೂಡಿಸಿದನು. ನಮ್ಮ ಕಡೆ ಪ್ರಬಲವಾದುದು ಜೋಡಣೆಯ ಮಾರ್ಗ. 1854ರ ಅಂತ್ಯದಲ್ಲಿ ಬೇಲೂರು ಹಳೇಬೀಡುಗಳ ಶಿಲ್ಪವನ್ನು ಸೆರೆಹಿಡಿದ ಲಿನೇಯಸ್ ಟ್ರೈಪನು, 1858ರಲ್ಲಿ ತಂಜಾವೂರಿನ ಬೃಹದೀಶ್ವರಾಲಯದ ಅಧಿಷ್ಠಾನದ ಶಾಸನಗಳನ್ನು ತುಂಡುತುಂಡಾಗಿ ತೆಗೆದು, 21 ಪಟಗಳನ್ನು ಕೂಡಿಸಿ, 19 ಅಡಿಗಳಿಗೂ ಮಿಕ್ಕ ಒಂದೇ ಚಿತ್ರವನ್ನಾಗಿಸಿದನು. ಕಲ್ಲು ಅಲುಗದು, ಆತನ ತಾಳ್ಮೆಗೆ ಅದು ತಕ್ಕ ವಸ್ತು.

ಕಾಡಾನೆಗಳನ್ನು ಹಿಡಿಯುತ್ತಿದ್ದ ಕಾಕನಕೋಟೆಯ ಖೆಡ್ಡಾ ಹಾಗಲ್ಲ. ಹೆಗ್ಗಡದೇವನಕೋಟೆಯ ಕಾಡಿನಿಂದ ತಮಟೆ ಗದ್ದಲಗಳ ನಡುವೆ ಹಿಂಡನ್ನು ಕಪಿಲೆಗಿಳಿಸಿ, ಹೊಳೆ ದಾಟಿಸಿ, ಮರದ ದಿಮ್ಮಿಗಳ ಬೇಲಿಯೊಳಕ್ಕೆ ನೂಕುವ ಆ ದೃಶ್ಯದ ವಿಸ್ತಾರವು ಪನೋರಮಾವನ್ನು ಬೇಡುತ್ತದೆ, ಅದರ ವೇಗವು ಪನೋರಮಾವನ್ನು ನಿರಾಕರಿಸುತ್ತದೆ. ಮಸೂರ ತಿರುಗುವ ದಿಕ್ಕಿಗೇ ನಡೆವ ಆನೆ ಪಟದಲ್ಲಿ ನೀಳವಾಗುವುದು, ಎದುರು ನಡೆವುದು ಕುಗ್ಗುವುದು; ಜೋಡಿಸಿದ ಪಟದಲ್ಲಾದರೋ ಒಂದೇ ಸಲಗ ಎರಡೆಡೆ ಕಾಣಿಸಿಕೊಂಡೀತು, ಅಥವಾ ಅಂಚಿನಲ್ಲಿ ಅರ್ಧವಾಗಿ ಕಡಿದುಹೋದೀತು. ಈ ಸೀಮೆಯ ಆನೆಗಳಿಗೆ ತಕ್ಕ ಮಾಧ್ಯಮವಾಗಿ ಒದಗಿದುದು ಚಲನಚಿತ್ರ: ರಾಬರ್ಟ್ ಫ್ಲಾಹರ್ಟಿ ಮೈಸೂರಿನಲ್ಲಿ ಚಿತ್ರೀಕರಿಸಿದ, ಕಾರಾಪುರದ ಬಾಲಕ ಸಾಬುವನ್ನು ಲೋಕಕ್ಕೆ ತೋರಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ಖೆಡ್ಡಾ 1971ರಲ್ಲಿ ಮುಗಿದು, ಅದರ ನೆಲ ಕಬಿನಿ ಜಲಾಶಯದಲ್ಲಿ ಮುಳುಗಿತು.

ಆದರೂ ನಡೆವ ಆನೆಗಳ ಪನೋರಮಾವೊಂದು ಮೈಸೂರಿನಲ್ಲಿಯೇ ಸಿದ್ಧವಾಯಿತೆಂಬುದನ್ನು ಮರೆಯಲಾಗದು. ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ, 1930ರ ದಸರಾ ಮೆರವಣಿಗೆಯ ಛಾಯಾಚಿತ್ರಗಳನ್ನಾಧರಿಸಿ, 1934ರಿಂದ 1945ರವರೆಗೆ ಚಿತ್ರಕಾರರು 26 ಚಿತ್ರಗಳನ್ನು ಬರೆದರು. ಕ್ಯಾಮೆರಾ ಬಿಡಿಬಿಡಿಯಾಗಿ ಕೊಟ್ಟುದನ್ನು ಕುಂಚವು ಸಾಲಾಗಿ ಪೋಣಿಸಿದ ಆ ಮಂಟಪದಲ್ಲಿ ತಿರುಗುವ ಮಸೂರವಿಲ್ಲ. ನೋಡುವವನು ಗೋಡೆಯುದ್ದಕ್ಕೂ ನಡೆದಂತೆಲ್ಲ ಮೆರವಣಿಗೆ ಮುಂದೆ ಸಾಗುತ್ತದೆ.