ಊರಿಲ್ಲದ ಬೆಟ್ಟದಾರಿ

ಪರ್ವತಪ್ರದೇಶಗಳಲ್ಲಿ ಹಗಲೆಲ್ಲ ಏರಿಳಿದು ನಡೆದು, ಸಂಜೆಗೆ ಯಾವುದಾದರೊಂದು ಹಳ್ಳಿಯನ್ನು ಸೇರಿ, ಅಲ್ಲಿಯ ವಸತಿಗೃಹದಲ್ಲೋ ಗೃಹಸ್ಥನ ಮನೆಯಲ್ಲೋ ಬಿಸಿನೀರು, ಊಟ, ಹಾಸಿಗೆಗಳನ್ನು ಪಡೆದು, ಮರುದಿನ ಬೆಳಗ್ಗೆ ಮುಂದಿನ ಊರಿಗೆ ಹೊರಡುವುದನ್ನು ಯೂರೋಪಿನ ಜನ ಒಂದು ವಿಹಾರವನ್ನಾಗಿ ಬೆಳೆಸಿಕೊಂಡಿದ್ದಾರೆ. ಇಂಥ ವಿಹಾರಕ್ಕೆ ಬೇಕಾದ ಬೆಟ್ಟಗಳೂ ಕಣಿವೆಗಳೂ ಹಿತವಾದ ಹವೆಯೂ ಕ್ಯಾಲಿಫೋರ್ನಿಯದ ಡಬ್ಲಿನ್ನಿನ ಸುತ್ತ ಯಥೇಚ್ಛವಾಗಿವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕೆ, ಒಂದು ಬೆಟ್ಟಸಾಲನ್ನು ದಾಟಿದೊಡನೆ ಸಿಗುವ ಈ ಪಟ್ಟಣದಲ್ಲಿ ಈಗ ನಮ್ಮವರೇ ಬೇಕಾದಷ್ಟು ಮಂದಿ ಮನೆ ಮಾಡಿಕೊಂಡಿದ್ದಾರೆ. ಉತ್ತರಕ್ಕೆ 3,849 ಅಡಿ ಎತ್ತರದ ಡಯಾಬ್ಲೊ ಪರ್ವತ, ದಕ್ಷಿಣಕ್ಕೆ ಸುನೋಲಿನ ಕಡಿದಾದ ಕಣಿವೆಗಳು. ಆದಾಗ್ಯೂ ಇಲ್ಲಿಂದ ಬೆಟ್ಟ ಹತ್ತಿ ಹೊರಟವನಿಗೆ ಸಂಜೆ ಸೇರಲು ಒಂದು ಹಳ್ಳಿಯೂ ಸಿಗದು. ಇದರ ಕಾರಣವನ್ನು ಭೂಗೋಳದಲ್ಲಿ ಹುಡುಕಿ ಫಲವಿಲ್ಲ. ಅದು ಇರುವುದು ಚರಿತ್ರೆಯಲ್ಲಿ.

ಏಕೆಂದರೆ ಈ ಬೆಟ್ಟಗಳಲ್ಲಿ ಊರುಗಳಿದ್ದವು. ಇಂದು ನಾವು ಒಲೋನಿ ಎಂದು ಕರೆಯುವ ಜನಸಮುದಾಯದ ಹಲವು ಬಣಗಳು ಈ ಕಣಿವೆಗಳನ್ನು ಹಂಚಿಕೊಂಡು ಬದುಕಿದ್ದವು. ಡಬ್ಲಿನ್ನಿನ ನೆಲ ಸೆಯುನೆನ್ ಎಂಬ ಬಣದ್ದೆಂದು ವಿದ್ವಾಂಸರು ಗುರುತಿಸುತ್ತಾರೆ. ಕಣಿವೆಯ ತಗ್ಗಿನಲ್ಲಿ, ಈಗಿನ ಪ್ಲೆಸೆಂಟನ್ನಿನ ಕಡೆಗೆ, ಜೊಂಡು ದಟ್ಟವಾಗಿ ಬೆಳೆದ ವಿಶಾಲವಾದ ಜೌಗುಭೂಮಿಯಿತ್ತು. ಆ ಜೊಂಡಿನಿಂದಲೇ ಅವರು ಗುಡಿಸಲನ್ನೂ ದೋಣಿಯನ್ನೂ ಕಟ್ಟುತ್ತಿದ್ದರು, ಓಕ್ ಮರದ ಕಾಯಿಗಳನ್ನು ಒರಳುಗುಂಡಿಗಳಲ್ಲಿ ಕುಟ್ಟಿ, ಒಗರು ಹೋಗುವಂತೆ ನೀರಿನಲ್ಲಿ ಮತ್ತೆಮತ್ತೆ ತೊಳೆದು, ಗಂಜಿ ಮಾಡಿ ಉಣ್ಣುತ್ತಿದ್ದರು. ಊರಿಗೂ ಊರಿಗೂ ನಡುವೆ ಕಾಲುದಾರಿಗಳಿದ್ದವು. ಕಡಲತೀರದ ಕಪ್ಪೆಚಿಪ್ಪಿನ ಮಣಿಗಳು ಒಳನಾಡಿಗೂ, ನಾಪಾ ಪ್ರದೇಶದ ಕರಿಯ ಜ್ವಾಲಾಮುಖಿ ಗಾಜು ಬಾಣದ ಮೊನೆಗಾಗಿ ದಕ್ಷಿಣಕ್ಕೂ, ಇಂದಿನ ಸ್ಯಾನ್ ಹೋಸೆಯ ಬಳಿಯ ಇಂಗಲೀಕ ಮೈಗೆ ಬಳಿಯುವ ಬಣ್ಣವಾಗಿ ದೂರದೂರಕ್ಕೂ ಸಾಗುತ್ತಿದ್ದುದು ಈ ದಾರಿಗಳಲ್ಲೇ. ಕುದುರೆಯಿಲ್ಲ, ಗಾಡಿಯಿಲ್ಲ, ಹೊರೆ ಹೊತ್ತವನು ಮನುಷ್ಯನೇ ಆದುದರಿಂದ ಅವನ ಒಂದು ದಿನದ ನಡಿಗೆಯೇ ದೂರದ ಅಳತೆಯಾಗಿತ್ತು.

1772ರ ಮಾರ್ಚ್ 20ರಂದು ಪೆದ್ರೊ ಫಾಗೇಸ್ ಎಂಬ ಸ್ಪೇನ್ ದೇಶದ ದಳಪತಿ ಕೆಲವೇ ಸೈನಿಕರನ್ನೂ ಹುವಾನ್ ಕ್ರೆಸ್ಪಿ ಎಂಬ ಪಾದ್ರಿಯನ್ನೂ ಕೂಡಿಕೊಂಡು ಮಾಂಟೆರೇಯಿಂದ ಹೊರಟು, ಕೊಲ್ಲಿಯ ಪೂರ್ವತೀರವನ್ನು ಹಿಡಿದು ಉತ್ತರಕ್ಕೆ ಹೋಗಿ, ಹಿಂದಿರುಗುವಾಗ ಡಬ್ಲಿನ್ನಿನ ಈ ಕಣಿವೆಯ ಮೂಲಕ ಸುನೋಲಿನತ್ತ ಇಳಿದನು. ಯೂರೋಪಿಯನರ ಕಣ್ಣಿಗೆ ಈ ನೆಲ ಬಿದ್ದುದು ಅದೇ ಮೊದಲು. ಕ್ರೆಸ್ಪಿ ನಿಷ್ಠೆಯಿಂದ ದಿನಚರಿಯಿಟ್ಟವನು. ದಾರಿಯುದ್ದಕ್ಕೂ ಕಂಡ ಹಳ್ಳಿಗಳನ್ನೂ, ಜಲಸಂಧಿಯೊಂದರ ಬಳಿ ಅಪರಿಚಿತರಾದ ತಮ್ಮನ್ನು ಆಹಾರವನ್ನಿತ್ತು ಆದರಿಸಿದ ಜನರನ್ನೂ ಅವನು ಬರೆದಿಟ್ಟಿದ್ದಾನೆ. ಹಾಗೆ ಉಣ್ಣಿಸಿದವರಿಗೆ ಇನ್ನು ಕಾಲು ಶತಮಾನದೊಳಗೆ ಏನು ಕಾದಿದೆಯೆಂಬುದು ಉಂಡವರಿಗೂ ತಿಳಿದಿರಲಾರದು.

1797ರ ಜೂನ್ 11ರಂದು ಫರ್ಮಿನ್ ಲಾಸುಯೆನ್ ಎಂಬ ಪಾದ್ರಿ ಬೆಟ್ಟದ ಆಚೆಯ ಪಕ್ಕದಲ್ಲಿ, ಇಂದಿನ ಫ್ರೀಮಾಂಟ್ ನಗರದೊಳಗಾಗಿರುವ ಸ್ಥಳದಲ್ಲಿ, ಸ್ಯಾನ್ ಹೋಸೆ ಮಿಷನ್ನನ್ನು ಸ್ಥಾಪಿಸಿದನು. ಕ್ಯಾಲಿಫೋರ್ನಿಯದ 21 ಮಿಷನ್ನುಗಳೂ ಒಂದರಿಂದ ಒಂದಕ್ಕೆ ಒಂದು ದಿನದ ಪಯಣದಷ್ಟು ದೂರದಲ್ಲಿ ಲೆಕ್ಕಹಾಕಿ ಕಟ್ಟಿದವೆಂದು ಹೇಳುವ ವಾಡಿಕೆಯುಂಟು. ಇದನ್ನು ಪೂರ್ತಿ ನಂಬಬೇಕಾಗಿಲ್ಲ. ಮೊದಲಿಗೆ ಅವುಗಳ ನಡುವೆ ಬಹುದೂರದ ಬಯಲುಗಳಿದ್ದವು; ಆ ಅಂತರಗಳನ್ನು ತುಂಬಲೆಂದೇ ಲಾಸುಯೆನ್ ಆ ಒಂದೇ ವರ್ಷದಲ್ಲಿ ನಾಲ್ಕು ಮಿಷನ್ನುಗಳನ್ನು ಹೂಡಿದನು. ಹೇಗೂ ಪಾದ್ರಿಗೆ, ಸೈನಿಕನಿಗೆ, ಅಂಚೆಯವನಿಗೆ ಹೀಗೆ ಒಂದು ತಂಗುದಾಣಗಳ ಸಾಲು ದೊರೆಯಿತು. ಅದಕ್ಕೆ ಕೊಟ್ಟ ಬೆಲೆಯೆಂದರೆ ಹಳೆಯ ಊರುಗಳು. ದೀಕ್ಷಾಸ್ನಾನ ಪಡೆದವರು ಮಿಷನ್ನಿನ ಆವರಣದಲ್ಲೇ ವಾಸಿಸಬೇಕು, ಅಪ್ಪಣೆಯಿಲ್ಲದೆ ಹೊರಟವರನ್ನು ಸೈನಿಕರು ಹಿಡಿದು ತರಬೇಕು ಎಂಬುದು ಅಲ್ಲಿಯ ಕ್ರಮ. ದಡಾರದಂಥ ಹೊಸ ರೋಗಗಳು ಉಳಿದ ಕೆಲಸವನ್ನು ಪೂರೈಸಿದವು. ಸೆಯುನೆನ್ನರ ಗುಡಿಸಲುಗಳು ಬರಿದಾದವು. ನಡೆಯುವವರಿಲ್ಲದ ಮೇಲೆ ಕಾಲುದಾರಿಗಳನ್ನು ಹುಲ್ಲು ಮುಚ್ಚಿತು; ಆ ಹುಲ್ಲಾದರೂ ಬಹುಮಟ್ಟಿಗೆ ಸ್ಪೇನಿನವರ ದನಗಳೊಡನೆ ಬಂದ ಪರದೇಶದ ಹುಲ್ಲೇ. ಒಲೋನಿಯರು ನಿರ್ನಾಮವಾದರೆಂದು ಮಾತ್ರ ತಿಳಿಯಬಾರದು. ಮಿಷನ್ನು ಒಡೆದ ತರುವಾಯ ಅವರಲ್ಲಿ ಕೆಲವರು ಪ್ಲೆಸೆಂಟನ್ನಿನ ಹತ್ತಿರ ಅಲಿಸಾಲ್ ಎಂಬಲ್ಲಿ ಮತ್ತೆ ನೆಲೆ ಕಟ್ಟಿದರು, ಅವರ ಸಂತತಿಯವರು ಇಂದಿಗೂ ಈ ಕೊಲ್ಲಿಯ ಸುತ್ತ ಇದ್ದಾರೆ.

ಮಿಷನ್ನಿನ ಮೇಲ್ವಿಚಾರಕನಾಗಿದ್ದ ಹೋಸೆ ಮರಿಯ ಅಮಡೋರನಿಗೆ 1830ರ ದಶಕದ ನಡುವೆ, ಸ್ಪೇನಿನ ಬಳಿಕ ಈ ನಾಡನ್ನು ಆಳುತ್ತಿದ್ದ ಮೆಕ್ಸಿಕೊ ಸರ್ಕಾರದಿಂದ ಈ ಕಣಿವೆಯಲ್ಲಿ ಸುಮಾರು 16,500 ಎಕರೆ ನೆಲ ದಾನವಾಗಿ ದೊರೆಯಿತು. ಅಲಮಿಲ್ಯ ಎಂಬ ಚಿಲುಮೆಯ ಬಳಿ ಅವನು ಹಸಿ ಇಟ್ಟಿಗೆಯ ಮನೆಗಳನ್ನು ಕಟ್ಟಿ, ಆದಿವಾಸಿ ಕೂಲಿಗಳಿಂದ ತೊಗಲು ಹದಮಾಡಿಸಿ, ಜೀನು, ಸಾಬೂನು, ಕಂಬಳಿಗಳನ್ನು ಮಾಡಿಸುತ್ತಿದ್ದನು. ಅವನ ಕಾಲದಲ್ಲಿ ಎಲ್ಲೆಗೆ ಬೇಲಿಯಿರಲಿಲ್ಲ. ದನಗಳು ಎಲ್ಲಿ ಬೇಕೆಂದರಲ್ಲಿ ಅಡ್ಡಾಡುತ್ತಿದ್ದವು, ಪರಸ್ಥಳದವನು ಕುದುರೆಯಿಳಿದರೆ ಊಟವಿಕ್ಕುವುದು ಆ ಬಗೆಯ ದೊಡ್ಡ ಹಿಡುವಳಿಗಾರರ ಮರ್ಯಾದೆಯಾಗಿತ್ತು. ಚಿನ್ನ ಸಿಕ್ಕಿ, ಅಮೆರಿಕನ್ನರು ಬಂದು, 1851ರಲ್ಲಿ ಪ್ರತಿಯೊಬ್ಬ ಹಳೆಯ ಹಿಡುವಳಿಗಾರನೂ ತನ್ನ ಹಕ್ಕನ್ನು ನ್ಯಾಯಮಂಡಲಿಯ ಮುಂದೆ ರುಜುಪಡಿಸಬೇಕೆಂಬ ಕಾನೂನಾದ ಮೇಲೆ ಆ ಮರ್ಯಾದೆ ಉಳಿಯಲಿಲ್ಲ. ಐರ್ಲೆಂಡಿನಿಂದ ಬಂದ ಮೈಕೆಲ್ ಮರ್ರೆ ಮತ್ತು ಜೆರೆಮಾಯ ಫ್ಯಾಲನ್ ಒಂದಿಷ್ಟು ನೆಲವನ್ನು ಕೊಂಡರು. 1852ರಲ್ಲಿ ಜೇಮ್ಸ್ ವಿಟ್ ಡೋಹರ್ಟಿ ಬಹುಪಾಲನ್ನು ಕೊಂಡನು. ಅಮಡೋರನು 1877ರಲ್ಲಿ, ಎಂಬತ್ತು ದಾಟಿದ ಮುಪ್ಪಿನಲ್ಲಿ, ಇತಿಹಾಸಕಾರ ಬ್ಯಾಂಕ್ರಾಫ್ಟನ ಪ್ರತಿನಿಧಿಗೆ ತನ್ನ ನೆನಪುಗಳನ್ನು ಹೇಳಿ ಬರೆಯಿಸಿದಾಗ ಅವನ ಕೈಯಲ್ಲಿ ಆ ನೆಲದ ಯಾವ ಭಾಗವೂ ಇರಲಿಲ್ಲ.

ಹೀಗೆ ಬೆಟ್ಟ ಬೇಲಿಯೊಳಗಾಯಿತು. ಇಂಗ್ಲೆಂಡಿನಲ್ಲಿ ಹೊಲ ಒಡೆಯನದಾದರೂ ಹೊಲದ ಮೇಲಿನ ಹಳೆಯ ಕಾಲುದಾರಿ ಸಾರ್ವಜನಿಕರದು. 1949ರ ಶಾಸನವೊಂದು ಅಂಥ ದಾರಿಗಳನ್ನೆಲ್ಲ ನಕ್ಷೆಗೇರಿಸುವಂತೆ ಆಜ್ಞಾಪಿಸಿತು. ಕ್ಯಾಲಿಫೋರ್ನಿಯದಲ್ಲಿ ದಾರಿಯನ್ನು ಸವೆಸಿದವರನ್ನೇ ಮೊದಲು ಒಕ್ಕಲೆಬ್ಬಿಸಿದ್ದರಿಂದ, ಹಿಂದಿನಿಂದ ಬಂದ ಹಕ್ಕನ್ನು ಹೇಳಿಕೊಳ್ಳಲು ಆ ಬೆಟ್ಟಗಳಲ್ಲಿ ಯಾರೂ ಉಳಿದಿರಲಿಲ್ಲ. ಊರುಗಳೇನೋ ಹೊಸದಾಗಿ ಹುಟ್ಟಿದವು, ಆದರೆ ಬೆಟ್ಟದ ಮೇಲಲ್ಲ, ಗಾಡಿರಸ್ತೆಗಳು ಕೂಡುವಲ್ಲಿ. ಕೊಲ್ಲಿಯ ತೀರದಿಂದ ಸ್ಟಾಕ್ಟನ್ನಿನತ್ತ ಹೋಗುವ ದಾರಿಯೂ ಮಾರ್ಟಿನೆಜ್‌ನಿಂದ ಮಿಷನ್ನಿನತ್ತ ಬರುವ ದಾರಿಯೂ ಒಂದನ್ನೊಂದು ಕತ್ತರಿಸುವ ಸ್ಥಳವೇ ಡಬ್ಲಿನ್. ಕುದುರೆಗಾಡಿಯ ಪ್ರಯಾಣಿಕರಿಗಾಗಿ ಅಲ್ಲೊಂದು ಹೋಟೆಲು, ಒಂದು ಅಂಗಡಿ. ಗ್ರೀನ್ ಎಂಬವನ ಆ ಅಂಗಡಿಯ ಕಟ್ಟಡ ಇಂದಿಗೂ ನಿಂತಿದೆ. ಅದರ ಸಮೀಪದಲ್ಲೇ 1859ರಲ್ಲಿ ಕಟ್ಟಿದ ಸೇಂಟ್ ರೇಮಂಡ್ ಚರ್ಚು, ಬಿಳಿಯ ಮರದ ಹಲಗೆಗಳ ಪುಟ್ಟ ಕಟ್ಟಡ. ಅದನ್ನು ಕಟ್ಟುವಾಗ ಟಾಮ್ ಡಾನ್ಲನ್ ಎಂಬ ಐರಿಷ್ ತರುಣ ಮಾಡಿನಿಂದ ಬಿದ್ದು ಸತ್ತನು. ಪಕ್ಕದ ಸ್ಮಶಾನದ ಮೊದಲ ಸಮಾಧಿ ಅವನದೇ. 1856ರ ಮರ್ರೆ ಶಾಲೆಯ ಕಟ್ಟಡವನ್ನು ಹೆದ್ದಾರಿಯ ಕಾಟ ತಪ್ಪಿಸಿ ಆ ಚರ್ಚಿನ ಬದಿಗೇ ತಂದು ನಿಲ್ಲಿಸಿದ್ದಾರೆ. ಹಳೆಯ ಡಬ್ಲಿನ್ ಎಂಬುದು ಇಷ್ಟೇ. ಒಂದು ಗಳಿಗೆಯಲ್ಲಿ ಸುತ್ತಿ ಮುಗಿಸಬಹುದು, ಆದರೂ ಇಲ್ಲಿ ನೆಲೆಸಿದ ನಮ್ಮವರಲ್ಲಿ ಸುತ್ತಿದವರು ವಿರಳ.

1891ರಲ್ಲಿ ಸದರನ್ ಪೆಸಿಫಿಕ್ ಕಂಪನಿಯವರು ಸ್ಯಾನ್ ರಮೋನ್ ಕಣಿವೆಗೆ ರೈಲುಹಳಿ ಹಾಕಿದರು. ಅದು ಮುಂದೆ ಡಬ್ಲಿನ್ನನ್ನು ಹಾದು ಪ್ಲೆಸೆಂಟನ್ನಿನವರೆಗೂ ಬೆಳೆಯಿತು. 1913ರಲ್ಲಿ ಖಂಡವನ್ನೇ ಅಡ್ಡಹಾಯುವ ಲಿಂಕನ್ ಹೆದ್ದಾರಿ ಊರಿನ ಮೂಲಕ ಸಾಗಿತು. 1943ರಲ್ಲಿ ನೌಕಾದಳದ ಶಿಬಿರವೊಂದು ಪೂರ್ವದ ಬಯಲನ್ನು ಆಕ್ರಮಿಸಿತು. 1982ರಲ್ಲಿ ಡಬ್ಲಿನ್ ಪೌರಾಡಳಿತವುಳ್ಳ ನಗರವಾಯಿತು. ಇವೆಲ್ಲವುಗಳ ನಡುವೆ ನಡೆಯುವವನ ಗತಿಯೇನಾಯಿತೆಂದು ಕೇಳಿದವರು ಕಡಿಮೆ.

ಕೇಳಿದವರು ಇರಲೇ ಇಲ್ಲವೆಂದೇನಲ್ಲ. 1934ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಟ್ಟನಡುವೆ, ಪೂರ್ವತೀರದ ಮತದಾರರು ತಮ್ಮ ಮೇಲೆ ತಾವೇ ತೆರಿಗೆ ಹೇರಿಕೊಂಡು ಬೆಟ್ಟಗಳನ್ನು ಉದ್ಯಾನಗಳಾಗಿ ಉಳಿಸಲು ಒಂದು ಪ್ರಾಂತೀಯ ಮಂಡಲಿಯನ್ನು ಸ್ಥಾಪಿಸಿದರು; ಇದನ್ನು ನಾನು ಈ ನಾಡಿನ ಅತ್ಯಂತ ವಿವೇಕದ ಕಾರ್ಯಗಳಲ್ಲಿ ಒಂದೆಂದು ಎಣಿಸುತ್ತೇನೆ. ಆ ಮಂಡಲಿ ಹೊಂದಿಸಿದ ಒಲೋನಿ ಅರಣ್ಯಪಥ ಫ್ರೀಮಾಂಟಿನಲ್ಲಿ ತೊಡಗಿ, ಮಿಷನ್ ಶಿಖರವನ್ನೇರಿ, ಸುನೋಲಿಗಿಳಿದು, 3,817 ಅಡಿಯ ರೋಸ್ ಶಿಖರದ ಹತ್ತಿರ ಹಾದು, ಲಿವರ್‌ಮೋರಿನ ಡೆಲ್ ವ್ಯಾಲೆ ಸರೋವರದ ಬಳಿ ಮುಗಿಯುತ್ತದೆ. ಒಟ್ಟು 28 ಮೈಲಿ, ಎರಡು ಮೂರು ದಿನದ ನಡಿಗೆ. ಹೊರಡುವ ಮುನ್ನ ರಹದಾರಿ ಪಡೆಯಬೇಕು. ಮಲಗಲು ಮ್ಯಾಗೀಸ್ ಹಾಫ್ ಏಕರ್, ಸ್ಟೂವರ್ಟ್ಸ್ ಕ್ಯಾಂಪ್, ಬಾಯ್ಡ್ ಕ್ಯಾಂಪ್ ಮುಂತಾದ ತಾಣಗಳಿವೆ. ಹೆಸರು ಕೇಳಿ ಅಲ್ಲೊಂದು ಒಲೆಯೂ ಒಬ್ಬ ಮನೆಯೊಡತಿಯೂ ಇರಬಹುದೆಂದು ಭ್ರಮಿಸಿದವನು ಓಕ್ ಮರದ ಕೆಳಗೆ ಗುಡಾರ ಬಿಚ್ಚಬೇಕು, ನಲ್ಲಿಯ ನೀರನ್ನು ಶೋಧಿಸಿ ಕುಡಿಯಬೇಕು. ಬಸವನಹುಳುವಿನಂತೆ ಮನೆಯನ್ನು ಬೆನ್ನಿನ ಮೇಲೆಯೇ ಹೊತ್ತು ನಡೆಯುವ ಈ ಅಮೆರಿಕನ್ ರೀತಿಯನ್ನು ಸಾಹಸಪ್ರಿಯತೆಯೆಂದು ಹೊಗಳುವವರುಂಟು; ಬಹುಮಟ್ಟಿಗೆ ಅದು ಊರುಗಳಿಲ್ಲದುದರ ಫಲ.

ನಮ್ಮ ಕಡೆಯ ಒಂದು ದಾರಿಯೊಡನೆ ಇದನ್ನು ಹೋಲಿಸಿದರೆ ವಿಷಯ ವಿಶದವಾದೀತು. ಯುಗಾದಿಗೆ ಮೊದಲು ಬಾಗಲಕೋಟೆ, ವಿಜಯಪುರ, ರಾಯಚೂರು, ಬೆಳಗಾವಿಗಳ ಕಡೆಯಿಂದ ಸಹಸ್ರಾರು ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಭ್ರಮರಾಂಬೆ ಕನ್ನಡ ಮನೆತನಗಳ ಮಗಳು, ಮಲ್ಲಯ್ಯ ಅಳಿಯ ಎಂಬ ಭಾವದಿಂದ ಸೀರೆ ಕುಪ್ಪಸಗಳನ್ನು ಕಟ್ಟಿಕೊಂಡು ಹೊರಟವರು ಆತ್ಮಕೂರಿನ ಆಚೆ ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರ ಎಂದು ನಲ್ಲಮಲೆಯ ಕಾಡನ್ನು ಹಾಯುತ್ತಾರೆ. ಅವರ ಗಂಟು ಹಗುರ. ಏಕೆಂದರೆ ದಾರಿಯ ಊರುಗಳವರು ರೊಟ್ಟಿ, ಅನ್ನ, ಮಜ್ಜಿಗೆಗಳ ದಾಸೋಹ ನಡೆಸುತ್ತಾರೆ, ಬೊಬ್ಬೆಯೆದ್ದ ಪಾದಗಳಿಗೆ ಬಿಸಿನೀರು ಎರೆದು ಎಣ್ಣೆ ಸವರುತ್ತಾರೆ. ಕಾಡಿನ ನಡುವೆ ಊರಿಲ್ಲದೆಡೆಗೆ ಊರವರೇ ಹೋಗಿ ಚಪ್ಪರ ಹಾಕಿ ಕೂರುತ್ತಾರೆ.

ಡಬ್ಲಿನ್ನಿನ ಕಣಿವೆಯಲ್ಲಿ ಇಂಥದಕ್ಕೆ ಅವಕಾಶವೇ ಇಲ್ಲವೆನ್ನುವಂತಿಲ್ಲ. 1970ರ ದಶಕದ ಕೊನೆಯಲ್ಲಿ ರೈಲು ನಿಂತುಹೋದ ಮೇಲೆ ಹಳಿಯ ಜಾಡನ್ನು ಮಾರಿ ತಿನ್ನದೆ ಉಳಿಸಿಕೊಂಡು, 1986ರಿಂದೀಚೆಗೆ ತುಂಡುತುಂಡಾಗಿ ಕಾಲುದಾರಿಯನ್ನಾಗಿ ಮಾಡಿದ್ದಾರೆ. ಐರನ್ ಹಾರ್ಸ್ ಎಂದು ಹೆಸರಾದ ಆ ದಾರಿ ಪ್ಲೆಸೆಂಟನ್ನಿನಿಂದ ಡಬ್ಲಿನ್ನಿನ ಬಾರ್ಟ್ ರೈಲುನಿಲ್ದಾಣದ ಮಗ್ಗುಲಲ್ಲೇ ಹಾದು, ಸ್ಯಾನ್ ರಮೋನ್, ಡ್ಯಾನ್‌ವಿಲ್, ಅಲಾಮೊ, ವಾಲ್‌ನಟ್ ಕ್ರೀಕ್ ಎಂದು ಊರಿಂದೂರಿಗೆ ಕಾಂಕರ್ಡಿನವರೆಗೆ ಸಾಗುತ್ತದೆ. ಡಯಾಬ್ಲೊ ಪರ್ವತ ಉದ್ದಕ್ಕೂ ಬಲಗಡೆಯಲ್ಲಿ ಜೊತೆಬರುತ್ತದೆ. ಮುರುಗನ ಹಬ್ಬವಾದ ತೈಪೂಸದ ಸಮಯದಲ್ಲಿ ತಮಿಳು ಭಕ್ತರು ಸ್ಯಾನ್ ರಮೋನಿನಿಂದ ಕಾಂಕರ್ಡಿನ ಶಿವ-ಮುರುಗನ್ ದೇವಾಲಯಕ್ಕೆ ಇದೇ ಜಾಡಿನಲ್ಲಿ ಬರಿಗಾಲಿನಲ್ಲೂ ನಡೆಯುತ್ತಾರೆ. ನಮ್ಮವರಲ್ಲೂ ಸಂಘಟನೆಗೆ ಕೊರತೆಯಿಲ್ಲ; ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ 1973ರಷ್ಟು ಹಳೆಯದು. ನಾಟಕ, ಸಂಗೀತ, ಯುಗಾದಿಯ ಊಟ ಎಲ್ಲವನ್ನೂ ಅದು ನಡೆಸಿಕೊಂಡು ಬಂದಿದೆ. ಈ ಜಾಡಿನ ಇಕ್ಕೆಲಗಳಲ್ಲಿ ಮನೆ ಮಾಡಿರುವ ಕನ್ನಡಿಗರು, ಮುಂದಿನ ತೈಪೂಸದ ದಿನ ಸ್ಯಾನ್ ರಮೋನಿನಿಂದ ಅಲಾಮೊದವರೆಗೆ ಎಲ್ಲಾದರೂ ಒಂದು ನೆರಳಿನಲ್ಲಿ, ನಗರಸಭೆಯ ಅಪ್ಪಣೆ ಬೇಕಾದರೆ ಅದನ್ನೂ ಪಡೆದು, ಮಜ್ಜಿಗೆಯ ಪಾತ್ರೆಯೊಂದನ್ನು ಇಟ್ಟುಕೊಂಡು ಕುಳಿತರೆ ಒಳ್ಳೆಯದು.