ಉತ್ತರ ಕೇಳುವ ಬಗೆ: ಪತ್ತೇದಾರಿ ಆಟಗಳ ರಚನೆಯ ಒಂದು ಚರಿತ್ರೆ

ಕೊಲೆಗಾರ ಯಾರೆಂದು ಓದುಗನಿಗೆ ಹೊಳೆಯದೇ ಹೋದರೂ ಪತ್ತೇದಾರಿ ಕಾದಂಬರಿ ಮುಗಿಯುತ್ತದೆ. ಪುಟ ಮಗುಚುತ್ತಾ ಹೋದರೆ ಸಾಕು, ಕೊನೆಯ ಅಧ್ಯಾಯದಲ್ಲಿ ಪತ್ತೇದಾರನೇ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಬಿಡಿಸಿ ಹೇಳುತ್ತಾನೆ. ಆಟಕ್ಕೆ ಈ ಅನುಕೂಲವಿಲ್ಲ. ಆಟಗಾರನಿಗೆ ಹೊಳೆಯದಿದ್ದರೆ ಆಟ ಅಲ್ಲೇ ನಿಲ್ಲುತ್ತದೆ, ನಿಂತ ಆಟವನ್ನು ಜನ ಮತ್ತೆ ಮುಟ್ಟುವುದಿಲ್ಲ. ಈ ಭಯದಿಂದಲೇ ಪತ್ತೇದಾರಿ ಆಟಗಳಲ್ಲಿ ಬಹುಪಾಲು ಯೋಚಿಸುವ ಕೆಲಸವನ್ನು ತಾವೇ ಮಾಡಿಬಿಡುತ್ತವೆ: ಆಟಗಾರ ಹೊಳೆಯುವ ವಸ್ತುವಿನ ಮೇಲೆ ಒತ್ತುತ್ತಾನೆ, ಪರದೆಯ ಮೇಲಿನ ಪತ್ತೇದಾರ ‘ಗೊತ್ತಾಯಿತು’ ಎನ್ನುತ್ತಾನೆ.

ಆಟಗಾರನೇ ನಿಜವಾಗಿ ಒಗಟು ಬಿಡಿಸುವಂತೆ ಮಾಡುವುದು ಹೇಗೆ ಎಂಬ ಚರ್ಚೆ ಸಾಮಾನ್ಯವಾಗಿ ಸುಳಿವುಗಳ ಸುತ್ತಲೇ ತಿರುಗುತ್ತದೆ: ಎಷ್ಟು ಸುಳಿವು ಕೊಡಬೇಕು, ಎಲ್ಲಿ ಅಡಗಿಸಬೇಕು, ಎಷ್ಟು ಕಠಿಣವಾಗಿರಬೇಕು. ಸುಳಿವಿನ ಸಮಸ್ಯೆಯನ್ನು ಕಾದಂಬರಿಕಾರರು ಸುಮಾರು ನೂರು ವರ್ಷಗಳ ಹಿಂದೆಯೇ ಬಹುಮಟ್ಟಿಗೆ ಬಗೆಹರಿಸಿದ್ದರು ಎಂಬುದು ಈ ಲೇಖನದ ವಾದ. ಆಟಗಳ ಮುಂದೆ ಉಳಿದದ್ದು ಬೇರೆ ಸಮಸ್ಯೆ. ಆಟಗಾರನ ತಲೆಯೊಳಗಿರುವ ಉತ್ತರವನ್ನು ಆಟ ಯಾವ ರೂಪದಲ್ಲಿ ಕೇಳಬೇಕು? ಪ್ರಶ್ನೆಯಲ್ಲೇ ಉತ್ತರ ಸೋರಬಾರದು, ಕಣ್ಣುಮುಚ್ಚಿ ಊಹಿಸಿದವನು ಗೆಲ್ಲಬಾರದು, ಸರಿಯಾಗಿ ತರ್ಕಿಸಿದವನು ಸಿಕ್ಕಿಕೊಳ್ಳಬಾರದು.

ಕಾದಂಬರಿಯ ಕಡೆಯಿಂದ ನಡೆದ ಕೆಲಸ ಚಿಕ್ಕದಲ್ಲ. 1928ರಲ್ಲಿ ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮಗಳನ್ನು ಬರೆದರು. ಮರುವರ್ಷ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ ಹತ್ತು ಕಟ್ಟಳೆಗಳನ್ನು ವಿಧಿಸಿದರು. ಪತ್ತೇದಾರನ ಕೈಗೆ ಸಿಕ್ಕ ಸುಳಿವು ಓದುಗನಿಗೂ ಸಿಗಲೇಬೇಕು ಎಂಬುದು ಇವೆರಡರ ತಿರುಳು. 1929ರಲ್ಲೇ ಬಂದ ‘ದಿ ರೋಮನ್ ಹ್ಯಾಟ್ ಮಿಸ್ಟರಿ’ಯಲ್ಲಿ ಎಲ್ಲರಿ ಕ್ವೀನ್ ಕಥೆಯನ್ನು ನಡುವೆ ನಿಲ್ಲಿಸಿ, ಬೇಕಾದದ್ದೆಲ್ಲ ನಿಮ್ಮ ಮುಂದಿದೆ, ಈಗ ಹೇಳಿ ನೋಡೋಣ ಎಂದು ಓದುಗರಿಗೆ ಸವಾಲು ಹಾಕಿದರು. 1930ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಡಿಟೆಕ್ಷನ್ ಕ್ಲಬ್ಬಿನ ಸದಸ್ಯರು ಇದೇ ನ್ಯಾಯಕ್ಕೆ ಬದ್ಧರಾಗಿರುವುದಾಗಿ ಪ್ರತಿಜ್ಞೆ ಮಾಡುತ್ತಿದ್ದರು. ಸವಾಲು ಹಾಕಿದ್ದೇನೋ ಸರಿ, ಓದುಗನ ಉತ್ತರ ಕೇಳಿಸಿಕೊಳ್ಳುವ ಕಿವಿ ಮಾತ್ರ ಪುಸ್ತಕಕ್ಕೆ ಇರಲಿಲ್ಲ.

ಆ ಕಿವಿಯನ್ನು ಅಂಟಿಸುವ ಪ್ರಯತ್ನಗಳು ಅದೇ ದಶಕದಲ್ಲಿ ಶುರುವಾದವು. ‘ಟೊರ್ಕೆಮಾಡಾ’ ಎಂಬ ಹೆಸರಿನಲ್ಲಿ ಪದಬಂಧ ರಚಿಸುತ್ತಿದ್ದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ 1934ರಲ್ಲಿ ‘ಕೇನ್ಸ್ ಜಾಬೋನ್’ ಪ್ರಕಟಿಸಿದರು. ನೂರು ಪುಟ, ಆರು ಕೊಲೆ, ಪುಟಗಳ ಕ್ರಮ ಬೇಕೆಂದೇ ಅಸ್ತವ್ಯಸ್ತ. ಸರಿಯಾದ ಕ್ರಮವನ್ನೂ ಕೊಂದವರ, ಸತ್ತವರ ಹೆಸರುಗಳನ್ನೂ ಬರೆದು ಕಳಿಸಿದವರಿಗೆ ಬಹುಮಾನ. ನೂರು ಪುಟಗಳನ್ನು ಜೋಡಿಸಬಹುದಾದ ರೀತಿಗಳ ಸಂಖ್ಯೆ ಬರೆದರೆ 158 ಅಂಕಿಗಳಾಗುತ್ತವೆ. ಊಹೆಯ ಬಾಗಿಲನ್ನು ಇಷ್ಟು ಭದ್ರವಾಗಿ ಮುಚ್ಚಿದ ಕೃತಿ ಮತ್ತೊಂದು ಸಿಗುವುದು ಕಷ್ಟ. ಆಗ ಬಿಡಿಸಿದವರು ಇಬ್ಬರೇ. ಪುಸ್ತಕ ಮರುಮುದ್ರಣವಾದ ಮೇಲೆ, 2020ರ ಲಾಕ್‌ಡೌನ್‌ನಲ್ಲಿ ಹಾಸ್ಯ ಲೇಖಕ ಜಾನ್ ಫಿನ್ನೆಮೋರ್ ಅದನ್ನು ಬಿಡಿಸಿದರು. ಇಲ್ಲಿ ಉತ್ತರ ಪರಿಶೀಲಿಸಲು ಮನುಷ್ಯನೊಬ್ಬ ಕೂತಿರಬೇಕಿತ್ತು, ಅಂಚೆಗಾಗಿ ಕಾಯಬೇಕಿತ್ತು.

1936ರ ‘ಮರ್ಡರ್ ಆಫ್ ಮಯಾಮಿ’ ಇನ್ನೊಂದು ದಾರಿ ಹಿಡಿಯಿತು. ಕಾದಂಬರಿಕಾರ ಡೆನಿಸ್ ವೀಟ್ಲಿ, ಜೆ. ಜಿ. ಲಿಂಕ್ಸ್ ಜೊತೆ ಸೇರಿ ರೂಪಿಸಿದ ಇದು ಪುಸ್ತಕವಲ್ಲ, ಪೊಲೀಸ್ ಕಡತ. ತಂತಿ ಸಂದೇಶ, ಹೇಳಿಕೆಗಳು, ಫೋಟೋಗಳ ಜೊತೆಗೆ ನಿಜವಾದ ಕೂದಲೆಳೆ, ಬೆಂಕಿಕಡ್ಡಿ, ರಕ್ತದ ಕಲೆಯಿದ್ದ ಪರದೆಯ ತುಂಡನ್ನೂ ಲಗತ್ತಿಸಿದ್ದರು. ಉತ್ತರ ಕೊನೆಯಲ್ಲಿ ಮೊಹರು ಮಾಡಿದ ಪುಟಗಳೊಳಗೆ. ಮೊಹರು ಒಡೆದರೆ ಆಟ ಮುಗಿಯಿತು. ಓದುಗ ತನಗೆ ತಾನೇ ಪರೀಕ್ಷಕನಾಗಬೇಕಾದ ಈ ವ್ಯವಸ್ಥೆಗೆ ಪ್ರಾಮಾಣಿಕತೆಯೇ ಆಧಾರ. ಆಟದ ಚರಿತ್ರೆಯಲ್ಲಿ ಈ ಕಡತಗಳಿಗೆ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅವುಗಳ ನೇರ ಸಂತಾನವನ್ನು ಮುಂದೆ ನೋಡೋಣ.

ಜಗತ್ತಿಗೆಲ್ಲ ಗೊತ್ತಿರುವ ಪತ್ತೇದಾರಿ ಆಟ ‘ಕ್ಲೂಡೋ’ ವಿಷಯವನ್ನು ಮಾತ್ರ ಬೇಗ ಮುಗಿಸಬಹುದು. ಬರ್ಮಿಂಗ್ಹಾಮಿನ ಆಂಥನಿ ಪ್ರಾಟ್ 1944ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಯುದ್ಧಾನಂತರದ ಕೊರತೆಗಳಿಂದಾಗಿ 1949ರಲ್ಲಿ ಮಾರುಕಟ್ಟೆಗೆ ಬಂದ ಈ ಆಟದಲ್ಲಿ ಆರು ಶಂಕಿತರು, ಆರು ಆಯುಧಗಳು, ಒಂಬತ್ತು ಕೋಣೆಗಳು. ಒಟ್ಟು 324 ಸಾಧ್ಯತೆಗಳು, ಅವುಗಳಲ್ಲೊಂದು ಲಕೋಟೆಯೊಳಗೆ. ತಪ್ಪಾಗಿ ಆರೋಪಿಸಿದವನಿಗೆ ಮತ್ತೆ ಅವಕಾಶವಿಲ್ಲ ಎಂಬ ಕಟ್ಟುನಿಟ್ಟಿನ ನಿಯಮ ಊಹೆಗೆ ತಕ್ಕ ಬೆಲೆ ಕಟ್ಟುತ್ತದೆ. ಆದರೆ ಇಲ್ಲಿ ನಡೆಯುವುದು ಪಟ್ಟಿಯಿಂದ ಹೆಸರು ಹೊಡೆದುಹಾಕುವ ಕೆಲಸ. ಯಾಕೆ ಕೊಂದರು ಎಂಬ ಪ್ರಶ್ನೆಯನ್ನು ಆಟ ಕೇಳುವುದೂ ಇಲ್ಲ, ಕೇಳಿದರೆ ಉತ್ತರವೂ ಇಲ್ಲ.

ಆ ಪ್ರಶ್ನೆಯನ್ನು ಕೇಳಿದ್ದು 1981ರ ‘ಷರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್’. ಲಂಡನ್ನಿನ ನಕ್ಷೆ, ವಿಳಾಸಗಳ ಡೈರೆಕ್ಟರಿ, ಆಯಾ ದಿನದ ಪತ್ರಿಕೆ ಮತ್ತು ಪ್ರಕರಣದ ಪುಸ್ತಕ, ಇಷ್ಟೇ ಸಾಮಗ್ರಿ. ದಾಳವಿಲ್ಲ, ಸರದಿಯಿಲ್ಲ. ಯಾರ ಮನೆಗೆ ಹೋಗಬೇಕೆಂದು ಆಟಗಾರರೇ ತೀರ್ಮಾನಿಸಿ ಆ ಸಂಖ್ಯೆಯ ಭಾಗವನ್ನು ಓದುತ್ತಾರೆ. ಸಾಕೆನಿಸಿದಾಗ ಹಿಂದಿರುವ ಪ್ರಶ್ನಾವಳಿಗೆ ಉತ್ತರಿಸಿ, ಎಷ್ಟು ಮನೆ ಸುತ್ತಿದೆವು ಎಂಬ ಲೆಕ್ಕದೊಂದಿಗೆ ಹೋಮ್ಸನ ಅಂಕಕ್ಕೆ ತಮ್ಮದನ್ನು ಹೋಲಿಸಿಕೊಳ್ಳುತ್ತಾರೆ. 1985ರಲ್ಲಿ ಇದಕ್ಕೆ ಜರ್ಮನಿಯ ಪ್ರತಿಷ್ಠಿತ ‘ಷ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿ ಬಂತು. ತೊಡಕು ಪ್ರಶ್ನಾವಳಿಯಲ್ಲೇ ಇತ್ತು. ವಿಷ ಕೊಟ್ಟವರು ಯಾರು ಎಂದು ಕೇಳಿದ ಕೂಡಲೇ, ವಿಷದ ಯೋಚನೆಯೇ ಬಾರದಿದ್ದವನಿಗೂ ವಿಷದ ಸುದ್ದಿ ತಿಳಿಯುತ್ತದೆ. ಹೋಮ್ಸ್ ಕೆಲವೇ ಭೇಟಿಗಳಲ್ಲಿ ಹೇಗೆ ಬಿಡಿಸಿದ ಎಂಬ ವಿವರಣೆಯೂ ಹಲವು ಕಡೆ ತರ್ಕಕ್ಕಿಂತ ಅದೃಷ್ಟದಂತೆ ಕಾಣುತ್ತದೆ.

ಮೇಲೆ ಹೇಳಿದ ಸಂತಾನವೆಂದರೆ 1982ರ ‘ಡೆಡ್‌ಲೈನ್’. ಇನ್ಫೋಕಾಮ್ ಸಂಸ್ಥೆಯ ಮಾರ್ಕ್ ಬ್ಲಾಂಕ್ ವೀಟ್ಲಿಯ ಕಡತಗಳಿಂದ ಪ್ರೇರಣೆ ಪಡೆದು ಬರೆದ ಪಠ್ಯರೂಪದ ಕಂಪ್ಯೂಟರ್ ಗೇಮ್ ಇದು. ಡಿಸ್ಕಿನಲ್ಲಿ ಹಿಡಿಸದ ಬರಹವನ್ನು ಕಾಗದಕ್ಕೆ ವರ್ಗಾಯಿಸಿ, ವಿಚಾರಣೆಯ ಪ್ರತಿಗಳು, ಪ್ರಯೋಗಾಲಯದ ವರದಿ, ಕೊಲೆಯ ಕೋಣೆಯ ಫೋಟೋ, ಒಂದು ಪುಟ್ಟ ಚೀಲದಲ್ಲಿ ಗುಳಿಗೆಗಳನ್ನೂ ಹಾಕಿ ಪೊಟ್ಟಣದೊಳಗಿಟ್ಟಿದ್ದರು. ಶ್ರೀಮಂತ ಮಾರ್ಷಲ್ ರಾಬ್ನರ್ ಒಳಗಿಂದ ಚಿಲಕ ಹಾಕಿದ್ದ ಗ್ರಂಥಾಲಯದಲ್ಲಿ ಸತ್ತಿದ್ದಾನೆ. ಮೇಲ್ನೋಟಕ್ಕೆ ಆತ್ಮಹತ್ಯೆ. ಆಟಗಾರನಿಗೆ ಕಥೆಯೊಳಗಿನ ಹನ್ನೆರಡು ಗಂಟೆ ಸಮಯ.

ಒಂದು ಸುಳಿವನ್ನು ಹತ್ತಿರದಿಂದ ನೋಡಬೇಕು. ಮನೆಯ ಮಾಲಿ ಮೆಕ್‌ನ್ಯಾಬ್ ತನ್ನ ಗುಲಾಬಿ ಗಿಡಗಳ ನಡುವೆ ಯಾರೋ ನೆಲ ಹಾಳುಮಾಡಿದ್ದಾರೆಂದು ಗೊಣಗುತ್ತಿರುತ್ತಾನೆ. ಅವನ ಹಿಂದೆ ಹೋಗಿ ಆ ಜಾಗ ತೋರಿಸಲು ಕೇಳಿದರೆ ಮಣ್ಣಿನಲ್ಲಿ ಎರಡು ಕುಳಿಗಳು ಕಾಣುತ್ತವೆ. ಏಣಿಯ ಕಾಲುಗಳ ಗುರುತು ಎಂದು ಆಟಗಾರನಿಗೆ ಹೊಳೆಯಬೇಕು. ಆ ಆಸುಪಾಸಿನಲ್ಲಿ ಹುಡುಕಿದರೆ ಪಿಂಗಾಣಿಯ ಚೂರೊಂದು ಸಿಗುತ್ತದೆ. ಅದನ್ನು ಸಾರ್ಜೆಂಟ್ ಡಫಿಯ ಕೈಗೆ ಕೊಟ್ಟು ಪ್ರಯೋಗಾಲಯಕ್ಕೆ ಕಳಿಸಬಹುದು. ಆಗ ಯಾವ ವಸ್ತುವಿಗಾಗಿ ಪರೀಕ್ಷಿಸಬೇಕು ಎಂಬುದನ್ನೂ ಟೈಪ್ ಮಾಡಿ ಹೇಳಲು ಆಟದಲ್ಲಿ ಅವಕಾಶವಿದೆ. ಪಟ್ಟಿ ಇಲ್ಲ, ಸೂಚನೆ ಇಲ್ಲ. ಮನೆಯಲ್ಲಿ ಯಾರ ಹತ್ತಿರ ಯಾವ ಔಷಧಿ ಇದೆ, ಅದು ಇನ್ನೊಂದರ ಜೊತೆ ಸೇರಿದರೆ ಏನಾಗುತ್ತದೆ ಎಂಬ ಊಹೆಯನ್ನು ಆಟಗಾರ ಮೊದಲೇ ಕಟ್ಟಿಕೊಂಡಿದ್ದರೆ ಮಾತ್ರ ಆ ಹೆಸರು ಅವನ ಬೆರಳಿಗೆ ಬರುತ್ತದೆ. ಉತ್ತರ ಕೇಳುವ ಬಗೆಗಳಲ್ಲಿ ಇದಕ್ಕಿಂತ ಶುದ್ಧವಾದದ್ದು ಅಪರೂಪ.

ಆರೋಪಿಯನ್ನು ಯಾವಾಗ ಬೇಕಾದರೂ ಬಂಧಿಸಬಹುದು. ಸಾಕ್ಷ್ಯ ಸಾಲದಿದ್ದರೆ ಪ್ರಕರಣ ಹೇಗೆ ಬಿದ್ದುಹೋಯಿತು ಎಂಬ ವರದಿ ಬರುತ್ತದೆ. ಸರಿಯಾದ ವ್ಯಕ್ತಿಯನ್ನು ಹಿಡಿದರೂ ಉದ್ದೇಶ, ವಿಧಾನ, ಅವಕಾಶಗಳನ್ನು ತೋರಿಸಲಾಗದೆ ಸೋಲಬಹುದು. ದೋಷವೂ ಸಣ್ಣದಲ್ಲ: ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಇರದಿದ್ದರೆ ಸುಳಿವು ಕೈತಪ್ಪುತ್ತದೆ, ಕಂಪ್ಯೂಟರಿಗೆ ಅರ್ಥವಾಗುವ ಮಾತು ಯಾವುದೆಂದು ತಡಕಾಡುವುದರಲ್ಲೇ ಅರ್ಧ ತಾಳ್ಮೆ ಮುಗಿಯುತ್ತದೆ.

ಜಪಾನಿನಲ್ಲಿ ಯುಜಿ ಹೊರಿ ರೂಪಿಸಿದ ‘ಪೋರ್ಟೋಪಿಯಾ’ ಸರಣಿ ಕೊಲೆ ಪ್ರಕರಣ (1983) ಈ ತಡಕಾಟಕ್ಕೆ ಪರಿಹಾರ ಕಂಡುಕೊಂಡಿತು. 1985ರ ಫ್ಯಾಮಿಕಾಮ್ ಆವೃತ್ತಿಯಲ್ಲಿ ಟೈಪ್ ಮಾಡುವ ಬದಲು ಮೆನುವಿನಿಂದ ಆಜ್ಞೆಗಳನ್ನು ಆರಿಸಿಕೊಳ್ಳುವ ಕ್ರಮ ಬಂತು. ಎಲ್ಲರೂ ಆಡಬಲ್ಲ ಆಟವಾಯಿತು, ಯೋಚಿಸದೆಯೂ ಆಡಬಲ್ಲ ಆಟವೂ ಆಯಿತು. ಮೆನುವಿನಲ್ಲಿರುವುದನ್ನೆಲ್ಲ ಒಂದೊಂದಾಗಿ ಒತ್ತುತ್ತಾ ಹೋದರೆ ಕಥೆ ತಾನಾಗಿ ಮುಂದೆ ಸಾಗುತ್ತದೆ. ಮುಂದಿನ ಹಲವು ವರ್ಷಗಳ ಪತ್ತೇದಾರಿ ಆಟಗಳಿಗೆ ಅಂಟಿದ ರೋಗ ಇದೇ.

ಕಪ್ಕಾಮ್‌ನ ಶು ತಕುಮಿ 2001ರಲ್ಲಿ ತಂದ ‘ಗ್ಯಾಕುಟೆನ್ ಸೈಬಾನ್’, ಅಂದರೆ ಇಂಗ್ಲಿಷ್ ಆವೃತ್ತಿಯ ‘ಏಸ್ ಅಟಾರ್ನಿ’, ಪ್ರಶ್ನೆಯ ರೂಪವನ್ನೇ ಬದಲಿಸಿತು. ಕೊಲೆಗಾರ ಯಾರೆಂದು ಅದು ಕೇಳುವುದಿಲ್ಲ, ಈ ಸಾಕ್ಷಿಯ ಯಾವ ಮಾತು ಸುಳ್ಳು, ಯಾವ ದಾಖಲೆ ಅದನ್ನು ಒಡೆಯುತ್ತದೆ ಎಂದಷ್ಟೇ ಕೇಳುತ್ತದೆ. ಮೊದಲ ಪ್ರಕರಣದಲ್ಲಿ ಸಾಕ್ಷಿ ಮಧ್ಯಾಹ್ನ ಒಂದು ಗಂಟೆಗೆ ಶವ ನೋಡಿದೆ ಎನ್ನುತ್ತಾನೆ. ಮರಣೋತ್ತರ ವರದಿಯ ಪ್ರಕಾರ ಸಾವು ಸಂಭವಿಸಿದ್ದು ನಾಲ್ಕರ ಮೇಲೆ. ಹೊತ್ತು ತಿಳಿದದ್ದು ಟಿವಿ ಸದ್ದಿನಿಂದ ಎಂದು ಅವನು ನುಣುಚಿಕೊಳ್ಳಲು ನೋಡಿದರೆ, ಆ ಹೊತ್ತಿಗೆ ಕರೆಂಟು ಹೋಗಿತ್ತೆಂಬ ದಾಖಲೆ ಕೈಯಲ್ಲಿದೆ. ಹಲವು ಸಾಲು, ಹಲವು ದಾಖಲೆ, ತಪ್ಪಿಗೆ ದಂಡ. ಹೀಗೆ ಊಹೆ ದುಬಾರಿಯಾಗುತ್ತದೆ, ತರ್ಕಕ್ಕೆ ಸಣ್ಣ ಸಣ್ಣ ಮೆಟ್ಟಿಲುಗಳು ಸಿಗುತ್ತವೆ. ಆದರೆ ಚುರುಕಾದ ಆಟಗಾರ ಮೂರು ಮೆಟ್ಟಿಲು ಮುಂದೆ ಹೋಗಿಬಿಟ್ಟಿದ್ದರೆ ಅವನನ್ನು ಆಟ ಶಿಕ್ಷಿಸುತ್ತದೆ. ಸರಿಯಾದ ಸಾಕ್ಷ್ಯವನ್ನು ಲೇಖಕ ನಿಗದಿ ಮಾಡಿದ ಕ್ಷಣಕ್ಕಿಂತ ಮೊದಲು ಮುಂದಿಟ್ಟರೆ ಅದೂ ತಪ್ಪೇ.

2011ರ ‘ಎಲ್.ಎ. ನ್ವಾರ್’ ನಟರ ಮುಖಚರ್ಯೆಯನ್ನೇ ಸುಳಿವಾಗಿಸಲು ಅಪಾರ ಶ್ರಮ ಹಾಕಿತು. ಉತ್ತರಕ್ಕೆ ಇಟ್ಟದ್ದು ಮಾತ್ರ ಮೂರು ಗುಂಡಿ: ಸತ್ಯ, ಸಂದೇಹ, ಸುಳ್ಳು. ಸಂದೇಹ ಎಂದು ಮೆಲ್ಲಗೆ ಒತ್ತಿದರೆ ನಾಯಕ ಮುಗ್ಧ ಸಾಕ್ಷಿಯ ಮೇಲೆ ಕೂಗಾಡಿಬಿಡುತ್ತಿದ್ದ. 2017ರ ಮರುಬಿಡುಗಡೆಯಲ್ಲಿ ಈ ಗುಂಡಿಗಳ ಹೆಸರನ್ನೇ ಬದಲಿಸಬೇಕಾಯಿತು.

ಸ್ಯಾಮ್ ಬಾರ್ಲೋ ಅವರ ‘ಹರ್ ಸ್ಟೋರಿ’ (2015) ಉತ್ತರ ಕೇಳುವುದನ್ನೇ ಕೈಬಿಟ್ಟಿತು. 1994ರ ಪೊಲೀಸ್ ವಿಚಾರಣೆಯ ವಿಡಿಯೋ ತುಣುಕುಗಳು, ಪದ ಟೈಪ್ ಮಾಡಿ ಹುಡುಕುವ ಒಂದು ಪೆಟ್ಟಿಗೆ. ಒಂದು ಪದಕ್ಕೆ ಎಷ್ಟೇ ತುಣುಕುಗಳು ಹೊಂದಿದರೂ ಮೊದಲ ಐದು ಮಾತ್ರ ನೋಡಸಿಗುತ್ತವೆ. ಈ ಮಿತಿಯೇ ಆಟದ ಜೀವ, ಏಕೆಂದರೆ ಉಳಿದವನ್ನು ನೋಡಲು ಇನ್ನೂ ನಿಖರವಾದ ಪದ ಹೊಳೆಯಬೇಕು. ‘ಡೆಡ್‌ಲೈನ್’ನ ಪ್ರಯೋಗಾಲಯದಲ್ಲಿದ್ದ ಗುಣ ಮೂರು ದಶಕಗಳ ನಂತರ ಇಲ್ಲಿ ಮರಳಿ ಬಂದಿದೆ. ಆದರೆ ಮುಗಿದ ಮೇಲೆ ನಿಮಗೆ ತಿಳಿಯಿತೇ ಎಂದಷ್ಟೇ ಅದು ವಿಚಾರಿಸುತ್ತದೆ, ತಿಳಿದದ್ದು ಸರಿಯೇ ಎಂದು ಪರೀಕ್ಷಿಸುವುದಿಲ್ಲ.

ಪರೀಕ್ಷೆಯನ್ನು ಮರಳಿ ತಂದದ್ದು 2018ರ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’. ಲೂಕಾಸ್ ಪೋಪ್ ರೂಪಿಸಿದ ಈ ಆಟದಲ್ಲಿ ಆಟಗಾರ ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರಿಶೀಲಕ. 1807ರಲ್ಲಿ ಜನರಿಲ್ಲದೆ ದಡಕ್ಕೆ ಬಂದ ಹಡಗಿನಲ್ಲಿದ್ದ 60 ಮಂದಿಯ ಹೆಸರು, ಗತಿ, ಕೊಲೆಯಾಗಿದ್ದರೆ ಕೊಂದವರು ಯಾರು ಎಂಬುದನ್ನು ದಾಖಲೆ ಪುಸ್ತಕದಲ್ಲಿ ತುಂಬಬೇಕು. ಮಾಂತ್ರಿಕ ಗಡಿಯಾರವೊಂದು ಪ್ರತಿ ಸಾವಿನ ಕ್ಷಣವನ್ನು ಸ್ತಬ್ಧಚಿತ್ರವಾಗಿ ತೋರಿಸುತ್ತದೆ. ಹೆಸರು ಯಾರ ಬಾಯಿಂದಲಾದರೂ ಬರುವುದು ಅಪರೂಪ. ತೂಗುಮಂಚದ ಸಂಖ್ಯೆಯನ್ನು ಸಿಬ್ಬಂದಿ ಪಟ್ಟಿಯ ಸಂಖ್ಯೆಗೆ ಹೊಂದಿಸಬೇಕು. ಮಾತಿನ ಧಾಟಿ, ಉಡುಪು, ಕಾಲಿನ ಬೂಟು ಕೂಡ ಸಾಕ್ಷ್ಯವೇ. ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ, ಅವರನ್ನು ಗುರುತಿಸುವಾಗ ನಮ್ಮ ಕಣ್ಣಿಗೆ ಸ್ವಲ್ಪ ಅನುಕೂಲವಿದೆ ಎನ್ನಬಹುದೇನೋ.

ಪೋಪ್ ಅವರ ನಿಜವಾದ ಶೋಧ ಗಡಿಯಾರವಲ್ಲ, ಪರಿಶೀಲನೆಯ ನಿಯಮ. ಮೂರು ಜನರ ವಿವರ ಪೂರ್ತಿ ಸರಿಯಾದಾಗ ಮಾತ್ರ ಆಟ ಆ ಮೂರನ್ನೂ ಖಚಿತಪಡಿಸುತ್ತದೆ. ಒಂದು ತಪ್ಪಿದ್ದರೂ ಮೌನ. ಒಬ್ಬೊಬ್ಬರನ್ನೇ ಖಚಿತಪಡಿಸುವಂತಿದ್ದರೆ, ಗತಿ ಗೊತ್ತಿರುವವನಿಗೆ 60 ಹೆಸರುಗಳನ್ನು ಒಂದೊಂದಾಗಿ ಹಚ್ಚಿ ನೋಡಿದರೆ ಮುಗಿಯುತ್ತಿತ್ತು. ಮೂವರನ್ನು ಒಟ್ಟಿಗೆ ಕೇಳಿದಾಗ ಬರೀ ಹೆಸರುಗಳ ಸಾಧ್ಯತೆಯೇ 60×59×58, ಅಂದರೆ 2,05,320 ಆಗುತ್ತದೆ. ಆದರೂ ಖಚಿತ ದೃಢೀಕರಣ ಆಗಾಗ ಸಿಗುವುದರಿಂದ ಆಟಗಾರ ಕತ್ತಲಲ್ಲಿ ಕೈಚೆಲ್ಲಿ ಕೂರಬೇಕಿಲ್ಲ. ಬಿರುಕು ಇಲ್ಲವೆಂದಲ್ಲ. ಇಬ್ಬರ ವಿಷಯದಲ್ಲಿ ಖಾತ್ರಿ ಇದ್ದವನು ಮೂರನೆಯವನನ್ನು ಊಹಿಸಿ ಸಾಧಿಸಬಹುದು, ಕೊನೆಕೊನೆಗೆ ಹೆಸರುಗಳು ಕಡಿಮೆಯಾದಾಗ ಬಹಳ ಮಂದಿ ಹಾಗೇ ಮಾಡುತ್ತಾರೆ. ಆದರೂ ವಂಶವೃಕ್ಷ ತುಂಬುವ ‘ದಿ ರೂಟ್‌ಟ್ರೀಸ್ ಆರ್ ಡೆಡ್’ ಇದೇ ಮೂರರ ನಿಯಮವನ್ನು ಮುಂದುವರಿಸಿದೆ.

ಲಾಟ್ವಿಯಾದ ಇಬ್ಬರು ಸಹೋದರರು ರೂಪಿಸಿದ ‘ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್’ (2022) ಸಾವಿನ ದೃಶ್ಯದಿಂದ ಪದಗಳನ್ನು ಆಯ್ದುಕೊಂಡು, ನಡೆದದ್ದನ್ನು ವಿವರಿಸುವ ವಾಕ್ಯಗಳ ಬಿಟ್ಟ ಸ್ಥಳ ತುಂಬಿಸುತ್ತದೆ. ಎರಡು ಅಥವಾ ಅದಕ್ಕಿಂತ ಕಡಿಮೆ ತಪ್ಪಿದ್ದರೆ ಹಾಗೆಂದು ಹೇಳುತ್ತದೆ. ಯಾಕೆ ಎಂಬ ಪ್ರಶ್ನೆಗೂ ಇಲ್ಲಿ ಜಾಗವಿದೆ, ಕ್ಲೂಡೋದಲ್ಲಿ ಅದು ಇರಲಿಲ್ಲ. ಆದರೆ ವಾಕ್ಯದ ಚೌಕಟ್ಟೇ ಸುಳಿವು ಸೋರಿಸುತ್ತದೆ. ಖಾಲಿ ಜಾಗದ ಮುಂದೆ ಆನುವಂಶಿಕ ಆಸ್ತಿಯ ಮಾತು ಬಂದರೆ ಉದ್ದೇಶ ಅರ್ಧ ಬಯಲಾದಂತೆಯೇ. ಕನ್ನಡದಲ್ಲಿ ಇಂಥ ಆಟ ಕಟ್ಟುವವರಿಗೆ ಕಷ್ಟ ಇನ್ನೂ ಒಂದು ಹೆಜ್ಜೆ ಹೆಚ್ಚು: ನಮ್ಮ ಕ್ರಿಯಾಪದ ಕೊಲೆಗಾರ ಗಂಡೋ ಹೆಣ್ಣೋ ಎಂಬುದನ್ನು ವಾಕ್ಯದ ಕೊನೆಯಲ್ಲೇ ಹೇಳಿಬಿಡುತ್ತದೆ, ಶಂಕಿತರ ಪಟ್ಟಿ ಅಲ್ಲಿಗೆ ಅರ್ಧವಾಗುತ್ತದೆ. ಬಹುವಚನದ ‘ಕೊಂದವರು’ ಒಂದೇ ಅಲ್ಲಿ ಆಸರೆ. ಅದನ್ನೂ ಎಲ್ಲ ವಾಕ್ಯಗಳಲ್ಲಿ ಸಮನಾಗಿ ಬಳಸದೆ ಒಂದೆರಡು ಕಡೆ ಬಿಟ್ಟರೆ, ಬಿಟ್ಟ ಜಾಗದಲ್ಲಿ ಏನಿದೆಯೆಂದು ಗಮನವಿಟ್ಟು ಓದುವವನಿಗೆ ಶವದ ಕಡೆ ನೋಡುವ ಅಗತ್ಯವೇ ಬೀಳುವುದಿಲ್ಲ.